ವಾಷರ್ ಸ್ಟೋರಿನಲ್ಲಿತ್ತು, ನೀರಿನ ಪೈಪು ಕೈಗೆ ಸಿಕ್ಕಿತು

ಜನವರಿ ತಿಂಗಳ ಒಂದು ಬೆಳಗಿನ ಜಾವ, ನಾಲ್ಕು ಗಂಟೆ ಇರಬಹುದು. ಕರಾವಳಿಯ ಒಂದು ಪಟ್ಟಣಕ್ಕೆ ಕುಡಿಯುವ ನೀರು ಶುದ್ಧ ಮಾಡಿ ಕಳಿಸುವ ಘಟಕದಲ್ಲಿ ನಾನು ಶಿಫ್ಟ್ ಆಪರೇಟರ್. ಫಿಲ್ಟರ್ ಬೆಡ್ ತೊಳೆದು ಮುಗಿಸಿ ಲಾಗ್ ಬುಕ್ ಬರೆಯುತ್ತಾ ಕೂತಿದ್ದೆ. ಕ್ಲೋರಿನ್ ರೂಮಿನ ಕಡೆಯಿಂದ ವಾಸನೆ ಬಂತು.

ಆ ರೂಮಿನ ಹತ್ತಿರ ಸ್ವಲ್ಪ ವಾಸನೆ ಯಾವಾಗಲೂ ಇದ್ದದ್ದೇ ಅಂತ ಹೇಳುವವರಿದ್ದಾರೆ. ನಾನೂ ಹಾಗೆ ಹೇಳುತ್ತಿದ್ದೆ. ಅದು ತಪ್ಪು. ವಾಸನೆ ಇರಲೇಬಾರದು. ಬಂತು ಅಂದರೆ ಎಲ್ಲೋ ಗ್ಯಾಸ್ ಬಿಟ್ಟಿದೆ ಅಂತಲೇ ಲೆಕ್ಕ.

ಎಲ್ಲಿ ಬಿಟ್ಟಿರಬಹುದು ಅಂತ ನನಗೆ ಎದ್ದು ನಿಲ್ಲುವ ಮೊದಲೇ ಗೊತ್ತಾಗಿತ್ತು. ಎರಡು ಗಂಟೆ ಹಿಂದೆ ಟನ್ನರ್ ಬದಲಾಯಿಸಿದ್ದು ನಾನೇ. ಹಾಕಿದ್ದು ಹಳೇ ವಾಷರ್.

ಟನ್ನರ್ ನೋಡದವರಿಗೆ ಸ್ವಲ್ಪ ಹೇಳಬೇಕು. ಅದು ಹಳದಿ ಬಣ್ಣ ಬಳಿದ, ಅಡ್ಡ ಮಲಗಿಸಿದ ದಪ್ಪ ಉಕ್ಕಿನ ಪೀಪಾಯಿ. ಒಳಗೆ ಸುಮಾರು 900 ಕೆಜಿ ಕ್ಲೋರಿನ್ ಒತ್ತಡದಲ್ಲಿ ದ್ರವವಾಗಿ ಇರುತ್ತದೆ. ಒಂದು ಲೀಟರ್ ದ್ರವ ಹೊರಗೆ ಬಂದರೆ ಹೆಚ್ಚುಕಡಿಮೆ 460 ಲೀಟರ್ ಗ್ಯಾಸ್ ಆಗುತ್ತದೆ. ಪೀಪಾಯಿಯ ಒಂದು ಮುಖದಲ್ಲಿ ಎರಡು ವಾಲ್ವ್. ಅವೆರಡೂ ಒಂದರ ಮೇಲೊಂದು ನೆಟ್ಟಗೆ ಬರುವ ಹಾಗೆ ಟನ್ನರನ್ನು ಕೂರಿಸಬೇಕು. ಆಗ ಮೇಲಿನ ವಾಲ್ವಿನಿಂದ ಗ್ಯಾಸ್ ಬರುತ್ತದೆ, ಕೆಳಗಿನದರಿಂದ ದ್ರವ. ನಾವು ಮೇಲಿನದಕ್ಕೆ ಯೋಕ್, ಅಂದರೆ ಗ್ಯಾಸ್ ಪೈಪನ್ನು ವಾಲ್ವಿಗೆ ಒತ್ತಿ ಹಿಡಿಯುವ ಕ್ಲಾಂಪ್, ಹಾಕಿ ಬಿಗಿ ಮಾಡುತ್ತೇವೆ. ನಡುವೆ ಕೂರುವುದು ಸೀಸದ ಒಂದು ಸಣ್ಣ ವಾಷರ್.

ಸೀಸ ಮೆತ್ತಗಿನ ಲೋಹ. ಒಮ್ಮೆ ಬಿಗಿ ಮಾಡಿದರೆ ವಾಲ್ವಿನ ಅಚ್ಚು ಅದರ ಮೇಲೆ ಮೂಡುತ್ತದೆ. ಅದನ್ನೇ ಬಿಚ್ಚಿ ಇನ್ನೊಂದು ಟನ್ನರಿಗೆ ಹಾಕಿದರೆ ಅಚ್ಚು ಹೊಂದುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಹಾಗಾಗಿ ಪ್ರತಿ ಸಲ ಹೊಸ ವಾಷರ್ ಹಾಕಬೇಕು ಅನ್ನುವುದು ನಿಯಮ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಆದರೆ ವಾಷರ್ ಇದ್ದದ್ದು ಸ್ಟೋರಿನಲ್ಲಿ. ಸ್ಟೋರಿಗೆ ರಾತ್ರಿ ಬೀಗ. ಕೀಲಿ ಇದ್ದವರು ಮನೆಯಲ್ಲಿ ಮಲಗಿದ್ದರು. ಹಳೇ ವಾಷರ್ ನನ್ನ ಅಂಗೈಯಲ್ಲೇ ಇತ್ತು.

ಜೋಡಿಸಿದ ಮೇಲೆ ಅಮೋನಿಯಾ ಬಾಟಲಿ ಹಿಡಿದು ನೋಡಿದೆ. ಕ್ಲೋರಿನ್ ಇದ್ದ ಕಡೆ ಅಮೋನಿಯಾದ ಆವಿ ತಾಗಿದರೆ ಬೆಳ್ಳಗೆ ಹೊಗೆ ಏಳುತ್ತದೆ. ಹೊಗೆ ಬರಲಿಲ್ಲ. ಲೀಕ್ ಇಲ್ಲ ಅಂದುಕೊಂಡು ಹೊರಟೆ. ಆಮೇಲೆ ತಿಳಿದದ್ದು, ಆ ಬಾಟಲಿಯ ಮುಚ್ಚಳ ಎಷ್ಟು ದಿನದಿಂದಲೋ ಸಡಿಲವಾಗಿತ್ತು. ಒಳಗಿದ್ದ ಅಮೋನಿಯಾ ಹಾರಿಹೋಗಿ ಬರೀ ನೀರು ಉಳಿದಿತ್ತು. ಲೀಕ್ ನೋಡುವ ಮೊದಲು ಬಾಟಲಿಗೇ ಜೀವ ಇದೆಯಾ ಅಂತ ನೋಡಬೇಕು. ಈಗ ನಾವು ಬಾಟಲಿಯ ಮೇಲೆ ತುಂಬಿದ ತಾರೀಖು ಬರೆಯುತ್ತೇವೆ.

ಕ್ಲೋರಿನ್ ಲೀಕ್ ಆಗುವ ಸಂದು ತಾನಾಗಿ ಯಾವತ್ತೂ ಚಿಕ್ಕದಾಗುವುದಿಲ್ಲ. ಒಣ ಕ್ಲೋರಿನ್ ಉಕ್ಕಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ತೇವ ಸೇರಿದರೆ ಆಮ್ಲವಾಗಿ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಏನು ಕೊರತೆ? ಎರಡು ಗಂಟೆಯಲ್ಲಿ ಸಂದು ದೊಡ್ಡದಾಗಿತ್ತು.

ನಾನು ಓಡಿ ಬರುವಷ್ಟರಲ್ಲಿ ನಮ್ಮ ಹೆಲ್ಪರ್ ಹುಡುಗ ಬಾಗಿಲಲ್ಲಿ ನಿಂತು ಪೈಪಿನಿಂದ ಟನ್ನರಿನ ಮೇಲೆ ನೀರು ಹೊಡೆಯುತ್ತಿದ್ದ. ಕಣ್ಣಲ್ಲಿ ನೀರು, ಕೆಮ್ಮು. ಆದರೂ ಪೈಪು ಬಿಟ್ಟಿರಲಿಲ್ಲ. ಕಿರುಚಿ ಅವನನ್ನು ಆಚೆ ಎಳೆದೆ.

ಇಲ್ಲಿ ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ಆಮೇಲೆ ತುಂಬಾ ಜನ ಅವನನ್ನು ಬೈದರು, ನನಗೆ ಅದು ಈಗಲೂ ಬೇಸರ. ನಮ್ಮಲ್ಲಿಗೆ ಬರುವ ಮೊದಲು ಅವನು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನಲ್ಲಿ ಮೂರು ವರ್ಷ ದುಡಿದಿದ್ದ. ಅಲ್ಲಿರುವುದು ಅಮೋನಿಯಾ. ಅಮೋನಿಯಾ ಗ್ಯಾಸ್ ಬಿಟ್ಟರೆ ನೀರನ್ನು ತುಂತುರಾಗಿ ಹೊಡೆಯುವುದೇ ಸರಿ, ಏಕೆಂದರೆ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಓಡು ಅಂತ ಅಲ್ಲಿ ಕಲಿಸಿದ್ದರು. ಅವನು ಕಲಿತದ್ದನ್ನೇ ಮಾಡಿದ. ಧೈರ್ಯವಾಗಿಯೇ ಮಾಡಿದ. ಗ್ಯಾಸ್ ಮಾತ್ರ ಬೇರೆ ಇತ್ತು.

ಕ್ಲೋರಿನ್ ಲೀಕ್ ಆಗುತ್ತಿರುವ ಜಾಗಕ್ಕೆ ನೀರು ಬಿದ್ದರೆ ಎರಡು ಕೆಡುಕು. ಒಂದು, ಆಮ್ಲ ಆಗಿ ತೂತು ಬೇಗ ದೊಡ್ಡದಾಗುತ್ತದೆ. ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ. ದ್ರವ ಕ್ಲೋರಿನ್ ಸೊನ್ನೆಗಿಂತ 34 ಡಿಗ್ರಿ ಕೆಳಗೇ ಕುದಿಯುತ್ತದೆ. ಗ್ಯಾಸ್ ಆಗುತ್ತಾ ಹೋದಂತೆ ಟನ್ನರ್ ತಾನೇ ತಣ್ಣಗಾಗಿ, ಲೀಕಿನ ವೇಗ ಸ್ವಲ್ಪ ಇಳಿಯುತ್ತದೆ. ನಮ್ಮ ನಲ್ಲಿಯ ನೀರು ಅದಕ್ಕೆ ಬಿಸಿನೀರಿದ್ದ ಹಾಗೆ. ನೀರು ಹೊಡೆದರೆ ಕುದಿಯುವುದು ಜಾಸ್ತಿ ಆಗುತ್ತದೆ. ಇದೇ ಕಾರಣಕ್ಕೆ ಗ್ಯಾಸ್ ಕಡಿಮೆ ಬರುತ್ತಿದೆ ಅಂತ ಟನ್ನರಿಗೆ ಬಿಸಿನೀರು ಸುರಿಯುವುದು, ಬೆಂಕಿ ತೋರಿಸುವುದು ಎಂದೂ ಮಾಡಬಾರದು. ಟನ್ನರಿನ ಫ್ಯೂಸಿಬಲ್ ಪ್ಲಗ್ಗುಗಳು, ಅಂದರೆ ಬಿಸಿಗೆ ಕರಗುವ ಲೋಹದ ಬಿರಡೆಗಳು, 70 ಡಿಗ್ರಿ ದಾಟುತ್ತಿದ್ದ ಹಾಗೆ ಕರಗುತ್ತವೆ. ಕರಗಿದರೆ ಒಳಗಿದ್ದದ್ದೆಲ್ಲ ಆಚೆ ಬರುತ್ತದೆ.

ಇನ್ನು ಉಸಿರಾಟದ ಸೆಟ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಖವಾಡ ಹಾಕುವ ಸೆಟ್ ನಮ್ಮಲ್ಲಿ ಎರಡು ಇದ್ದವು. ಎರಡೂ ಚೆನ್ನಾಗಿದ್ದವು, ತಪಾಸಣೆಯ ಚೀಟಿಯೂ ಅಂಟಿಸಿತ್ತು. ತೂಗುಹಾಕಿದ್ದು ಮಾತ್ರ ಕ್ಲೋರಿನ್ ರೂಮಿನ ಒಳಗೆ, ಟನ್ನರಿನ ಆಚೆ ಗೋಡೆಗೆ. ತಪಾಸಣೆಗೆ ಬಂದವರು ಪ್ರತಿ ವರ್ಷ ಅವುಗಳನ್ನು ಎಣಿಸಿ, ಇವೆ ಅಂತ ಬರೆದುಕೊಂಡು ಹೋಗುತ್ತಿದ್ದರು. ಎಲ್ಲಿವೆ ಅಂತ ಯಾರೂ ಬರೆಯಲಿಲ್ಲ. ನಾವೂ ಯೋಚಿಸಿರಲಿಲ್ಲ.

ಆ ರಾತ್ರಿ ನಮ್ಮನ್ನು ಉಳಿಸಿದ್ದು ಅಡುಗೆಮನೆಯಂಥ ಒಂದು ಅಭ್ಯಾಸ. ಪಂಪ್ ಹೌಸಿನ ಹಿರಿಯರೊಬ್ಬರು ಹಠ ಹಿಡಿದು ಮೂರನೇ ಸೆಟ್ ಒಂದನ್ನು ತರಿಸಿ ತಮ್ಮ ಕುರ್ಚಿಯ ಹಿಂದೆ ಮೊಳೆಗೆ ನೇತುಹಾಕಿದ್ದರು. ಪುಸ್ತಕದ ಲೆಕ್ಕಕ್ಕೆ ಅದು ಜಾಗ ತಪ್ಪಿದ ಸಾಮಾನು. ಸೌಟು ಒಲೆಯ ಹತ್ತಿರ ಇರಬೇಕು, ಬೀರುವಿನಲ್ಲಿ ಅಲ್ಲ ಅಂತ ಅವರ ವಾದ. ಅದನ್ನು ಹಾಕಿಕೊಂಡು ಅವರೇ ಒಳಗೆ ಹೋದರು. ನಿಯಮದ ಪ್ರಕಾರ ಇಬ್ಬರು ಒಟ್ಟಿಗೆ ಹೋಗಬೇಕು, ಇನ್ನೊಬ್ಬರು ಸೆಟ್ ಹಾಕಿಕೊಂಡು ಹೊರಗೆ ಸಿದ್ಧವಾಗಿ ನಿಂತಿರಬೇಕು. ನಮ್ಮ ಕೈಗೆ ಸಿಗುವಂತಿದ್ದದ್ದು ಒಂದೇ ಸೆಟ್. ಹಾಗೆ ಒಬ್ಬರನ್ನೇ ಕಳಿಸಿದ್ದು ಸರಿ ಅಂತ ನಾನು ಹೇಳಲಾರೆ. ಅವರು ಒಳಗಿದ್ದ ಆ ಒಂದೆರಡು ನಿಮಿಷ ನಾನು ಹೊರಗೆ ನಿಂತು ಉಸಿರು ಎಣಿಸಿದ್ದೇನೆ.

ಟನ್ನರಿನ ವಾಲ್ವಿನ ಮೇಲೆಯೇ ಸ್ಪ್ಯಾನರ್ ಇತ್ತು. ಅದನ್ನು ಅಲ್ಲಿಂದ ತೆಗೆಯಬಾರದು ಅನ್ನುವ ಒಂದು ನಿಯಮವನ್ನು ಮಾತ್ರ ನಾವೆಲ್ಲರೂ ಪಾಲಿಸುತ್ತಿದ್ದೆವು. ಹೊಗೆ ಮಸುಕಿನಲ್ಲಿ ಹುಡುಕುವ ಕೆಲಸ ಇರಲಿಲ್ಲ. ಒಂದು ಸುತ್ತಿನೊಳಗೆ ವಾಲ್ವ್ ಮುಚ್ಚಿತು, ಲೀಕ್ ನಿಂತಿತು. ಲೀಕ್ ಇದ್ದದ್ದು ವಾಲ್ವಿನ ಆಚೆ, ವಾಷರ್ ಹತ್ತಿರ. ಅದೇ ನಮ್ಮ ಪುಣ್ಯ. ವಾಲ್ವೇ ಒಡೆದಿದ್ದರೆ ತುರ್ತು ಕಿಟ್ ಬೇಕಾಗುತ್ತಿತ್ತು. ಕೆಳಗಿನಿಂದ ದ್ರವ ಸುರಿಯುತ್ತಿದ್ದರೆ ಟನ್ನರನ್ನು ಉರುಳಿಸಿ ತೂತನ್ನು ಮೇಲಕ್ಕೆ ತರಬೇಕಾಗುತ್ತಿತ್ತು. ಆಗ ದ್ರವದ ಬದಲು ಗ್ಯಾಸ್ ಬರುತ್ತದೆ, ಆಚೆ ಬರುವ ಪ್ರಮಾಣ ಎಷ್ಟೋ ಪಾಲು ಕಡಿಮೆ ಆಗುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಗಾಳಿಯ ವಿಷಯ.

ಅಪಾಯದ ಗಂಟೆ ಹೊಡೆದಾಗ ಕ್ವಾರ್ಟರ್ಸಿನಲ್ಲಿದ್ದ ಹೆಂಗಸರು, ಮಕ್ಕಳು ಎಲ್ಲರೂ ಪಶ್ಚಿಮದ ಗೇಟಿಗೆ ಓಡಿದರು. ಅಣಕು ಕಾರ್ಯಾಚರಣೆಯಲ್ಲಿ ಹಾಗೇ ಕಲಿಸಿದ್ದೆವು. ಆ ಅಣಕು ನಾವು ಮಾಡುತ್ತಿದ್ದದ್ದು ಸದಾ ಮಧ್ಯಾಹ್ನ, ಊಟ ಆದ ಮೇಲೆ. ಆಗ ಗಾಳಿ ಕಡಲಿನಿಂದ ಬೀಸುತ್ತದೆ, ಪಶ್ಚಿಮದಿಂದ ಪೂರ್ವಕ್ಕೆ. ಗ್ಯಾಸ್ ಪೂರ್ವಕ್ಕೆ ಹೋಗುತ್ತದೆ, ಪಶ್ಚಿಮದ ಗೇಟು ಸುರಕ್ಷಿತ. ಆದರೆ ಚಳಿಗಾಲದ ಬೆಳಗಿನ ಜಾವ ಕರಾವಳಿಯಲ್ಲಿ ಗಾಳಿ ತಿರುಗಿರುತ್ತದೆ. ನೆಲದಿಂದ ಕಡಲಿಗೆ ಬೀಸುತ್ತದೆ. ದೋಣಿಯವರಿಗೆ, ಮೀನು ಹಿಡಿಯುವವರಿಗೆ ಇದು ಹುಟ್ಟಿನಿಂದ ಗೊತ್ತು. ಕಡಲ ಪಕ್ಕವೇ ಬದುಕುವ ನಮಗೆ ಯೋಜನೆ ಬರೆಯುವಾಗ ನೆನಪಾಗಲಿಲ್ಲ. ಜನ ಗ್ಯಾಸ್ ಹೋಗುತ್ತಿದ್ದ ದಿಕ್ಕಿಗೇ ಓಡಿದರು.

ಅದರ ಮೇಲೆ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ರಾತ್ರಿಯ ತಣ್ಣನೆ ನಿಂತ ಗಾಳಿಯಲ್ಲಿ ಅದು ಮೇಲೇಳುವುದಿಲ್ಲ. ಚರಂಡಿ, ಪಂಪಿನ ಗುಂಡಿ, ತಗ್ಗಿನ ಜಾಗ ಹುಡುಕಿಕೊಂಡು ನೀರಿನ ಹಾಗೆ ಹರಿಯುತ್ತದೆ. ದೊಡ್ಡವರ ಮೂಗಿಗಿಂತ ಮಕ್ಕಳ ಮೂಗು ನೆಲಕ್ಕೆ ಹತ್ತಿರ ಅಲ್ವಾ? ಬೆಂಕಿ ಬಿದ್ದಾಗ ಬಗ್ಗಿ ತೆವಳು ಅಂತ ಹೇಳಿಕೊಡುತ್ತಾರೆ. ಕ್ಲೋರಿನ್ ಬಿಟ್ಟಾಗ ಬಗ್ಗಬಾರದು. ಎತ್ತರಕ್ಕೆ ಹೋಗಬೇಕು. ಗಾಳಿಗೆ ಅಡ್ಡಲಾಗಿ ನಡೆದು ಮೋಡದಿಂದ ಹೊರಬಿದ್ದು, ಆಮೇಲೆ ಗಾಳಿ ಬರುವ ದಿಕ್ಕಿಗೆ ಹೋಗಬೇಕು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಟ್ಯಾಂಕಿನ ಮೇಲೆ ಇತ್ತು, ಕತ್ತಲಲ್ಲಿ ಕಾಣಲಿಲ್ಲ. ಹೆಗಲ ಮೇಲಿದ್ದ ಟವೆಲ್ ಎತ್ತಿ ಹಿಡಿದು ದಿಕ್ಕು ನೋಡಿದೆ. ಆಗಲೇ ಎದೆ ಝಲ್ ಅಂದದ್ದು. ಓಡಿಹೋಗಿ ಎಲ್ಲರನ್ನೂ ಉತ್ತರದ ಗುಡ್ಡದ ಕಡೆ ತಿರುಗಿಸಿದೆವು. ಲೀಕ್ ಬೇಗ ನಿಂತಿದ್ದರಿಂದ ಪಶ್ಚಿಮದ ಗೇಟಿಗೆ ತಲುಪಿದ್ದು ಬರೀ ವಾಸನೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಗ್ಯಾಸ್ ಬಿಟ್ಟದ್ದೂ ರಾತ್ರಿಯಲ್ಲೇ. ಅದೂ ಗಾಳಿಗಿಂತ ಭಾರದ ಗ್ಯಾಸೇ. ಯಾವ ಕಡೆ ಓಡಬೇಕು ಅಂತ ಅಲ್ಲಿನ ಜನರಿಗೆ ಹೇಳುವವರೇ ಇರಲಿಲ್ಲ. ಓದಿ ಗೊತ್ತಿದ್ದ ಆ ಸಂಗತಿ ಅವತ್ತು ಗುಡ್ಡದ ಮೇಲೆ ನಿಂತಾಗ ಬೇರೆಯೇ ಥರ ಅರ್ಥವಾಯಿತು.

ಹೆಲ್ಪರ್ ಹುಡುಗನಿಗೆ ಯಾರೋ ಹಾಲು ಕುಡಿಸಲು ಬಂದರು, ಇನ್ಯಾರೋ ಬೆಲ್ಲ ತಂದರು. ಪ್ರೀತಿಯಿಂದಲೇ ತಂದದ್ದು. ಆದರೆ ಹೊಟ್ಟೆಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಅವನ ಬಟ್ಟೆ ಬಿಚ್ಚಿಸಿ, ಕಣ್ಣಿಗೆ ಕಾಲು ಗಂಟೆ ಬಿಡದೆ ನೀರು ಬಿಟ್ಟು, ಬೆನ್ನು ಆನಿಸಿ ಕೂರಿಸಿದೆವು. ನಡೆಸಲಿಲ್ಲ. ಒಂದು ಗಂಟೆಯಲ್ಲಿ ಕೆಮ್ಮು ಇಳಿಯಿತು, ಮನೆಗೆ ಹೋಗುತ್ತೇನೆ ಅಂದ. ಬಿಡಲಿಲ್ಲ. ಕ್ಲೋರಿನ್ ಕುಡಿದ ಶ್ವಾಸಕೋಶದಲ್ಲಿ ಗಂಟೆಗಳು ಕಳೆದ ಮೇಲೂ ನೀರು ತುಂಬಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಒಂದು ದಿನ ಆಮ್ಲಜನಕ ಕೊಟ್ಟು ನೋಡಿಕೊಂಡರು. ಹುಷಾರಾದ.

ಆಮೇಲೆ ವಿಚಾರಣೆ ಆಯಿತು. ತಪ್ಪು ನನ್ನದು ಅಂತ ನಾನೇ ಬರೆದುಕೊಟ್ಟೆ. ಆದರೆ ಅಲ್ಲಿಗೇ ಬಿಡಬೇಡಿ ಅಂತ ಕೇಳಿಕೊಂಡೆ. ರಾತ್ರಿ ನಾಲ್ಕು ಗಂಟೆಗೆ ಮನುಷ್ಯನ ಕೈ ತಲೆಯಲ್ಲಿರುವ ನಿಯಮವನ್ನು ಹುಡುಕುವುದಿಲ್ಲ. ಹತ್ತಿರ ಏನಿದೆಯೋ ಅದನ್ನು ಹಿಡಿಯುತ್ತದೆ. ನನ್ನ ಕೈಗೆ ಹಳೇ ವಾಷರ್ ಸಿಕ್ಕಿತು. ಹುಡುಗನ ಕೈಗೆ ಪೈಪು ಸಿಕ್ಕಿತು. ಹಿರಿಯರ ಕೈಗೆ ಮುಖವಾಡ, ಸ್ಪ್ಯಾನರ್ ಸಿಕ್ಕವು. ತರಬೇತಿಗೆ ಎಷ್ಟು ಗಂಟೆ ಕೊಟ್ಟಿರಿ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನು ಎಷ್ಟು ಹೆಜ್ಜೆ ದೂರ ಇಟ್ಟಿರಿ ಅಂತಲೂ ಕೇಳಬೇಕು.

ಮೇಲಿನವರು ಕೇಳಿದರು. ಹೊಸ ವಾಷರುಗಳ ಡಬ್ಬಿ ಈಗ ಟನ್ನರ್ ಕಟ್ಟೆಯ ಪಕ್ಕದ ಗೋಡೆಯಲ್ಲೇ ಇದೆ, ಬೀಗ ಇಲ್ಲ. ಬಿಚ್ಚಿದ ವಾಷರನ್ನು ಅಲ್ಲೇ ಸುತ್ತಿಗೆಯಿಂದ ಜಜ್ಜಿ ಇನ್ನೊಂದು ಡಬ್ಬಿಗೆ ಹಾಕುತ್ತೇವೆ, ಮತ್ತೆ ಬಳಸಲು ಬಾರದ ಹಾಗೆ. ಉಸಿರಾಟದ ಸೆಟ್ಟುಗಳು ಕಟ್ಟಡದ ಹೊರಗೆ, ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಎರಡು. ಬಾಗಿಲ ಬಳಿಯ ಪೈಪು ತೆಗೆಸಿ, ಆಚೆ ಕಣ್ಣು ತೊಳೆಯುವ ನಲ್ಲಿ ಹಾಕಿಸಿದರು. ಸೇರುವ ಜಾಗ ಎರಡಾಯಿತು, ಗಾಳಿಚೀಲಕ್ಕೆ ದೀಪ ಬಂತು. ವರ್ಷದಲ್ಲಿ ಒಂದು ಅಣಕು ಬೆಳಗಿನ ಜಾವವೇ ನಡೆಯುತ್ತದೆ. ಮಕ್ಕಳು ನಿದ್ದೆಗಣ್ಣಲ್ಲಿ ಅಳುತ್ತಾರೆ, ಆದರೂ ಮಾಡುತ್ತೇವೆ. ಖಾಲಿ ಟನ್ನರುಗಳಿಗೂ ವಾಲ್ವಿನ ಟೋಪಿ ಹಾಕಿಯೇ ಇಡುತ್ತೇವೆ. ಖಾಲಿ ಅನ್ನುವ ಟನ್ನರಿನಲ್ಲೂ ಗ್ಯಾಸ್ ಉಳಿದಿರುತ್ತದೆ. 2010ರಲ್ಲಿ ಮುಂಬೈ ಬಂದರಿನ ಶಿವ್ಡಿಯಲ್ಲಿ ಗ್ಯಾಸ್ ಬಿಟ್ಟದ್ದು, ವರ್ಷಗಟ್ಟಲೆ ಯಾರೂ ಕೇಳದೆ ಬಿದ್ದಿದ್ದ ಕ್ಲೋರಿನ್ ಸಿಲಿಂಡರುಗಳಿಂದ.

ಇನ್ನೊಂದು ಸಣ್ಣ ಬದಲಾವಣೆ ನನಗೆ ತುಂಬಾ ಇಷ್ಟ. ನಮ್ಮಲ್ಲಿ ಹೈಪೋ (ದ್ರವ ರೂಪದ ಬ್ಲೀಚ್) ತುಂಬುವ ಬಾಯಿ, ಆಲಮ್ (ಪಟಿಕ) ದ್ರಾವಣ ತುಂಬುವ ಬಾಯಿ ಎರಡೂ ಅಕ್ಕಪಕ್ಕ, ಮೊದಲು ಒಂದೇ ಅಳತೆಯವು. ಟ್ಯಾಂಕರಿನವನು ಅದಲುಬದಲು ಮಾಡಿದರೆ ಎರಡೂ ಸೇರಿ ಅಲ್ಲೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮನೆಯ ಬಚ್ಚಲಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಆಸಿಡ್ ಸುರಿದರೂ ಬರುವುದು ಇದೇ ಗ್ಯಾಸ್, ದಯವಿಟ್ಟು ಹಾಗೆ ಮಾಡಬೇಡಿ. ಈಗ ಎರಡು ಬಾಯಿಗಳ ಅಳತೆಯೇ ಬೇರೆ. ತಪ್ಪು ಪೈಪು ಕೂರುವುದೇ ಇಲ್ಲ.

ಬೆಳಗಿನ ಸುತ್ತು ಈಗ ಆ ಹೆಲ್ಪರ್ ಹುಡುಗನದು. ಅವನೇ ಕೇಳಿ ತೆಗೆದುಕೊಂಡ. ಮುಖವಾಡ ಸರಿಯಾಗಿ ಅಂಟಿ ಕೂರಲಿ ಅಂತ ಗಡ್ಡ ತೆಗೆದಿದ್ದಾನೆ. ಇವತ್ತು ನಾನು ಡ್ಯೂಟಿಗೆ ಬಂದಾಗ ರಿಜಿಸ್ಟರಿನಲ್ಲಿ ಅವನ ದುಂಡನೆ ಅಕ್ಷರ ಇತ್ತು: ಗಾಳಿ ಪೂರ್ವದಿಂದ. ಅಮೋನಿಯಾ ಬಾಟಲಿ ಹೊಸದು. ಸ್ಪ್ಯಾನರ್ ವಾಲ್ವಿನ ಮೇಲಿದೆ. ವಾಷರ್ 22.