ಅಮ್ಮನ ಫೋನಿಗೆ ಒತ್ತಕ್ಷರ ಬಂದ ಭಾನುವಾರ

"ಇದೇನೋ ಇದು, ಬರೀ ಡಬ್ಬಿ ಡಬ್ಬಿ ಬಂದಿದೆ!"

ಅಮ್ಮ ಫೋನು ಹಿಡಿದುಕೊಂಡು ಬಂದಾಗ ನಾನು ತಿಪಟೂರಿನ ಮನೆಯ ಜಗಲಿಯಲ್ಲಿ ಕೂತು ಎರಡನೇ ಕಾಫಿ ಕುಡಿಯುತ್ತಿದ್ದೆ. 2013ರ ಬೇಸಿಗೆ, ಭಾನುವಾರ. ಅರಸೀಕೆರೆಯ ಚಿಕ್ಕಮ್ಮನ ಮನೆಯಿಂದ ವಾಟ್ಸಾಪಿನಲ್ಲಿ ಗೃಹಪ್ರವೇಶದ ಕರೆ ಬಂದಿತ್ತು, ಅಚ್ಚ ಕನ್ನಡದಲ್ಲಿ. ಅಮ್ಮನಿಗೆ ಕಂಡದ್ದು ಮಾತ್ರ ಸಾಲಾಗಿ ಜೋಡಿಸಿಟ್ಟ ಖಾಲಿ ಚೌಕಗಳು, ನಡುವೆ ಇಂಗ್ಲಿಷ್ ಅಂಕಿಯಲ್ಲಿ ಒಂದು ತಾರೀಕು. ತಾರೀಕು ಗೊತ್ತಾಯಿತು, ಎಷ್ಟು ಹೊತ್ತಿಗೆ, ಪೂಜೆ ಎಲ್ಲಿ, ಊಟ ಎಲ್ಲಿ, ಒಂದೂ ಗೊತ್ತಾಗಲಿಲ್ಲ. "ಫೋನ್ ಮಾಡಿ ಕೇಳಮ್ಮ" ಅಂದೆ. "ಕರೆ ಕಳಿಸಿದ ಮೇಲೂ ಏನಂತ ಕೇಳಲಿ? ಓದೋಕೆ ಬರಲ್ವಾ ಅಂದಾಳು" ಅಂದಳು. ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸು ಪಾಸಾದವಳು ಅಮ್ಮ. ಮಾತು ಚುರುಕ್ಕೆಂದಿತು.

ಆ ಫೋನು ಮೊದಲು ನನ್ನದೇ. 2011ರಲ್ಲಿ ಕೊಂಡದ್ದು, ನಾನು ಹೊಸದು ತೆಗೆದುಕೊಂಡಾಗ ವಾಡಿಕೆಯಂತೆ ಅಮ್ಮನ ಪಾಲಿಗೆ ಬಂದಿತ್ತು. ಕಂಪನಿಯ ಹೆಸರು ಬೇಡ. ಆಂಡ್ರಾಯ್ಡ್ 2.3ಕ್ಕೆ ನಿಲ್ಲಿಸಿ ಕೈತೊಳೆದುಕೊಂಡಿದ್ದರು, ಅಷ್ಟೆ. ಆಗೆಲ್ಲ ಇಂಥ ಫೋನಿನಲ್ಲಿ ಕನ್ನಡ ಓದಲು ಒಪೆರಾ ಮಿನಿ ಎಂಬ ಬ್ರೌಸರೇ ಗತಿ. ಅದರಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಕಾನ್ಫಿಗ್ ಅಂತೇನೋ ಬರೆದರೆ ಒಂದು ಗುಟ್ಟಿನ ಪುಟ ತೆರೆಯುತ್ತಿತ್ತು. ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬೇಕೇ ಎಂಬ ಸಾಲಿಗೆ 'ಯೆಸ್' ಅಂದರೆ ಒಪೆರಾದವರ ಸರ್ವರೇ ಕನ್ನಡವನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಅಮ್ಮ ಪೇಪರ್ ಓದುತ್ತಿದ್ದುದು ಹಾಗೆ. ಒಪೆರಾದಿಂದ ಆಚೆ ಬಂದರೆ ಮತ್ತೆ ಡಬ್ಬಿಗಳ ರಾಜ್ಯ.

ಅದಕ್ಕೂ ಮೊದಲು ನಾನೊಂದು ಕಿತಾಪತಿ ಮಾಡಿ ನೋಡಿದ್ದೆ. ಫೋನನ್ನು ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ತೆಗೆದು, ಕನ್ನಡದ ಫಾಂಟ್ ಫೈಲೊಂದನ್ನು ಸಿಸ್ಟಮ್ಮಿನೊಳಗೆ ತುರುಕಿದ್ದೆ. ಡಬ್ಬಿಗಳು ಹೋಗಿ ಅಕ್ಷರಗಳೇನೋ ಬಂದವು. ಆದರೆ ಒತ್ತಕ್ಷರ ಕೂಡಿಕೊಳ್ಳಲಿಲ್ಲ. 'ಅಮ್ಮ' ಅನ್ನುವುದು 'ಅಮ್‌ಮ' ಎಂದು ಕಾಣುತ್ತಿತ್ತು, 'ಅಕ್ಕ' 'ಅಕ್‌ಕ' ಆಗುತ್ತಿತ್ತು. ಒಂದನೇ ಕ್ಲಾಸಿನ ಮಗು ಬೆರಳಿಟ್ಟು ಬಿಡಿಸಿ ಬಿಡಿಸಿ ಓದಿದ ಹಾಗೆ. ಸಾಕಾಗಿ ಅದನ್ನು ತೆಗೆದುಬಿಟ್ಟಿದ್ದೆ. ಅಕ್ಷರದ ಆಕಾರ ಕೊಡುವುದು ಫಾಂಟಿನ ಕೆಲಸ. ಯಾವ ಅಕ್ಷರದ ಕೆಳಗೆ ಯಾವುದು ಕೂರಬೇಕು ಎಂದು ನೋಡಿ ಕೂರಿಸಲು ಬೇರೊಂದು ತಂತ್ರಾಂಶ ಬೇಕು. ಅದು ಆ ಫೋನಿನಲ್ಲಿ ನಮ್ಮ ಲಿಪಿಯನ್ನು ಕಲಿತಿರಲೇ ಇಲ್ಲ. ಕಲಿತದ್ದು 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ, ಕನ್ನಡ, ತೆಲುಗು, ಮಲಯಾಳಂ ಮೂರೂ ಒಟ್ಟಿಗೆ ಬಂದವು. ಅಮ್ಮನ ಫೋನಿಗೆ ಅದನ್ನು ಕೊಡುವ ಉದ್ದೇಶ ಕಂಪನಿಗಿರಲಿಲ್ಲ. ಕೊಡುವವರು ಬೇರೆ ಇದ್ದರು.

ಸಯನೋಜನ್‌ಮಾಡ್. ಈ ಹೆಸರು ಕೇಳಿದರೆ ನನಗೆ ಈಗಲೂ ಒಂಥರಾ ಹುರುಪು. 2009ರಲ್ಲಿ ಸ್ಟೀವ್ ಕಾಂಡಿಕ್ ಎಂಬ ಅಮೆರಿಕದ ಪ್ರೋಗ್ರಾಮರ್ ತನ್ನ ಹೆಚ್‌ಟಿಸಿ ಡ್ರೀಮ್ ಫೋನಿಗಾಗಿ ತಿದ್ದಿಕೊಂಡ ಆಂಡ್ರಾಯ್ಡ್ ಅದು. ಅಂತರ್ಜಾಲದಲ್ಲಿ ಆತ ಇಟ್ಟುಕೊಂಡಿದ್ದ ಹೆಸರು ಸಯನೋಜನ್. ಅದೇ ಅದಕ್ಕೂ ಬಂತು. ಆಮೇಲೆ ಯಾವ್ಯಾವುದೋ ದೇಶದವರು, ಹೆಚ್ಚಿನವರು ಸಂಬಳವಿಲ್ಲದೆ, ತಮ್ಮ ತಮ್ಮ ಕೈಲಿದ್ದ ಫೋನುಗಳಿಗೆ ಅದನ್ನು ಹೊಂದಿಸುತ್ತ ಹೋದರು. ನಾನೇನು ಇಂಜಿನಿಯರ್ ಅಲ್ಲ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನು. ಆದರೂ ದಿನಾ ರಾತ್ರಿ ಹೊರಡುತ್ತಿದ್ದ 'ನೈಟ್ಲಿ' ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿಯನ್ನು ಬೆಳಗ್ಗೆ ಪೇಪರಿಗಿಂತ ಮೊದಲು ಓದುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಮಂತ್ರ ಅರ್ಥವಾಗದಿದ್ದರೂ ಕೈಮುಗಿದು ಕೂರುತ್ತೇವಲ್ಲ, ಹಾಗೆ. ಆಫೀಸಿನಲ್ಲಿ ನಾಲ್ಕು ಜನರ ಫೋನಿಗೆ ಅದನ್ನು ಹಾಕಿಕೊಟ್ಟಿದ್ದೆ. ಐದನೆಯವರು ನನ್ನನ್ನು ಕಂಡರೆ ಫೋನನ್ನು ಜೇಬಿಗೆ ಇಳಿಸುತ್ತಿದ್ದರು.

ಅಮ್ಮನ ಫೋನಿಗೂ ಯಾರೋ ಪುಣ್ಯಾತ್ಮ ಸಯನೋಜನ್‌ಮಾಡ್ 10 ಹೊಂದಿಸಿದ್ದಾನೆ, ಆಂಡ್ರಾಯ್ಡ್ 4.1 ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಫೈಲನ್ನು ಇಳಿಸಿಕೊಂಡೂ ಇದ್ದೆ. ಜೊತೆಗೆ ಎಂದಿನ ಎಚ್ಚರಿಕೆಯೂ ಇತ್ತು: ನಿಮ್ಮ ಫೋನು ಸತ್ತರೆ, ಅಲಾರಾಂ ಹೊಡೆಯದೆ ನಿಮ್ಮ ಕೆಲಸ ಹೋದರೆ, ಅಣುಯುದ್ಧವೇ ಆದರೆ ನಾವು ಹೊಣೆಯಲ್ಲ. ಅಮ್ಮನ ಕಾಂಟ್ಯಾಕ್ಟುಗಳ ವಿಚಾರ ಅದರಲ್ಲಿ ಇರಲಿಲ್ಲ.

"ಕೊಡಿಲ್ಲಿ, ಅರ್ಧ ಗಂಟೇಲಿ ಕನ್ನಡ ಬರೋ ಹಾಗೆ ಮಾಡ್ತೀನಿ" ಅಂದೆ. ಅಪ್ಪ ಪೇಪರ್ ಮರೆಯಿಂದಲೇ, "ಇದ್ದದ್ದು ನೆಟ್ಟಗಿತ್ತಲ್ಲ" ಅಂದರು. ಅವರ ಮಾತಿಗೆ ನಾನು ಕಿವಿಗೊಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮೂರು ಗುಂಡಿ ಒಟ್ಟಿಗೆ ಅದುಮಿ ಹಿಡಿದು, ಹೊಸ ತಂತ್ರಾಂಶ ಹಾಕುವ 'ರಿಕವರಿ' ಎಂಬ ಪುಟಕ್ಕೆ ಹೋದೆ. ಮೆಮೊರಿ ಕಾರ್ಡಿನಿಂದ ಜಿಪ್ ಫೈಲು ಆರಿಸಿದೆ. ಕೆಳಗೆ ಸಣ್ಣ ಅಕ್ಷರದ ಸಾಲುಗಳು ಓಡಿದವು. ರೀಬೂಟ್. ಕಪ್ಪು ತೆರೆಯ ನಡುವೆ ಸಯನೋಜನ್‌ಮಾಡಿನ ಪುಟ್ಟ ಬೊಂಬೆಯ ಮುಖ ಬಂತು, ಸುತ್ತ ನೀಲಿ ಬೆಳಕಿನ ಬಳೆಯೊಂದು ತಿರುಗತೊಡಗಿತು. "ಚೆನ್ನಾಗಿದೆ ಬೊಂಬೆ" ಅಂದಳು ಅಮ್ಮ. ಬಳೆ ತಿರುಗಿತು. ಅಮ್ಮ ಒಳಗೆ ಹೋಗಿ ಹುರುಳಿಕಾಯಿ ಸೋಸಿ ಬಂದಳು. ಬಳೆ ತಿರುಗುತ್ತಲೇ ಇತ್ತು. ಮೊದಲ ಸಲ ಹತ್ತು ನಿಮಿಷವಾದರೂ ಆಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ಗಂಟೆಯಾಯಿತು. ಫೋನಿನ ಬೆನ್ನು ದೋಸೆ ಕಾವಲಿಯ ಹಾಗೆ ಬಿಸಿ.

ಬೂಟ್‌ಲೂಪ್, ಅಂದರೆ ಫೋನು ಪೂರ್ತಿ ಶುರುವಾಗದೆ ಅಲ್ಲೇ ಸುತ್ತುವುದು. ಕಾರಣವೂ ತಕ್ಷಣ ಹೊಳೆಯಿತು: ಹಳೆಯದನ್ನು ಒರೆಸದೆ ಅದರ ಮೇಲೆಯೇ ಹೊಸದನ್ನು ಹಾಕಿಬಿಟ್ಟಿದ್ದೆ. 'ವೈಪ್ ಮಾಡಿದೆಯಾ?' ಎಂಬುದು ಈ ವಿದ್ಯೆಯ ಮೊದಲ ಪಾಠ. ಬೇರೆಯವರಿಗೆ ನಾನೇ ನೂರು ಸಲ ಹೇಳಿದ್ದು. ಈಗ ಪೂರ್ತಿ ಒರೆಸದೆ ದಾರಿಯಿಲ್ಲ. ಒರೆಸಿದರೆ ಫೋನಿನಲ್ಲಿದ್ದ ನಂಬರುಗಳೆಲ್ಲ ಹೋಗುತ್ತವೆ. ಬ್ಯಾಕಪ್ ತೆಗೆದಿದ್ದೆನೇ? ಅದು ಎರಡನೇ ಪಾಠ, ಅದನ್ನೂ ಹೇಳುತ್ತಿದ್ದವನು ನಾನೇ. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕಾಲು ಭಾಗದಷ್ಟೂ ಇರಲಿಲ್ಲ. ಒರೆಸುವ ನಡುವೆ ಚಾರ್ಜು ಮುಗಿದರೆ ಫೋನು ಕೆಲಸಕ್ಕೆ ಬಾರದ ಇಟ್ಟಿಗೆಯಾದೀತು ಎಂಬ ಭಯ.

ಒರೆಸಿದೆ. ಮತ್ತೆ ಹಾಕಿದೆ. ಬೊಂಬೆ ಬಂತು, ಬಳೆ ತಿರುಗಿತು. ನನಗೆ ಅಷ್ಟೊಂದು ದೇವರು ದಿಂಡರು ಇಲ್ಲ. ಆದರೂ ಕೆರಗೋಡಿ ರಂಗಾಪುರದ ಕಡೆ ಮುಖ ಮಾಡಿ ಕೂತಿದ್ದೆ ಅಂತ ಅಪ್ಪ ಈಗಲೂ ಆಡಿಕೊಳ್ಳುತ್ತಾರೆ. ಆರೇಳು ನಿಮಿಷಕ್ಕೆ ಫೋನು ಕಣ್ಣುಬಿಟ್ಟಿತು.

ಕಣ್ಣು ಬಿಟ್ಟದ್ದು ಬೋಳು ಮನೆಯಾಗಿ. ಪ್ಲೇ ಸ್ಟೋರ್ ಇಲ್ಲ, ಜಿಮೇಲ್ ಇಲ್ಲ, ವಾಟ್ಸಾಪನ್ನು ಎಲ್ಲಿಂದ ತರುವುದು? 2009ರಲ್ಲಿಯೇ ಗೂಗಲ್ ಕಾಂಡಿಕ್‌ಗೆ ನೋಟೀಸು ಕೊಟ್ಟಿತ್ತು, ನಮ್ಮ ಆ್ಯಪ್‌ಗಳನ್ನು ನಿನ್ನದರೊಳಗೆ ಸೇರಿಸಿ ಹಂಚಬೇಡ ಅಂತ. ಅಂದಿನಿಂದ ಗೂಗಲ್‌ನದೆಲ್ಲ ಬೇರೆಯೇ ಜಿಪ್ಪಿನಲ್ಲಿ. ನಾವೇ ಇಳಿಸಿಕೊಂಡು ಹಾಕಬೇಕು. ನಾನು ಅದನ್ನು ತಂದಿರಲಿಲ್ಲ. ಕರೆಂಟು ಬಂದ ಮೇಲೆ, ಡಾಂಗಲ್ ಸಿಕ್ಕಿಸಿ ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹುರುಳಿಕಾಯಿ ಪಲ್ಯ ಆರಿತ್ತು. ಅಮ್ಮ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಜಾಸ್ತಿ ಕೇಳಿಸಿತು.

"ನನ್ನ ನಂಬರೆಲ್ಲ ಎಲ್ಲೋಯ್ತೋ?" ಅಂದದ್ದು ಊಟವಾದ ಮೇಲೆ. ನಾನು ತಲೆ ಕೆರೆದುಕೊಂಡೆ. ಅಮ್ಮ ಒಳಗೆ ಹೋಗಿ ದೇವರ ಮನೆಯ ಗೂಡಿನಿಂದ ಒಂದು ಹಳೇ ಡೈರಿ ತಂದು ಮುಂದಿಟ್ಟಳು. ಅರಿಶಿನದ ಬೆರಳಚ್ಚು ಅಂಟಿದ ರಟ್ಟು, ನಡುವೆ ರಬ್ಬರ್ ಬ್ಯಾಂಡು. ಲ್ಯಾಂಡ್‌ಲೈನ್ ಕಾಲದಿಂದ ಬರೆದಿಟ್ಟ ನಂಬರುಗಳು. ಹಳೆಯದಕ್ಕೆ ಗೀಟು ಹೊಡೆದು ಪಕ್ಕದಲ್ಲಿ ಹೊಸದು. "ಬರ್ಕೋ" ಅಂದಳು.

ಮೊದಲು ಆ ಫೋನಿನಲ್ಲಿ ಎಲ್ಲ ಹೆಸರನ್ನೂ ಇಂಗ್ಲಿಷಿನಲ್ಲಿ ಹಾಕಿಕೊಟ್ಟವನು ನಾನೇ. ಅಮ್ಮ ಆ ಹೆಸರುಗಳನ್ನು ಓದುತ್ತಲೇ ಇರಲಿಲ್ಲ, ಪಟ್ಟಿಯಲ್ಲಿ ಎಷ್ಟನೆಯದು ಅಂತ ಎಣಿಸಿ ಒತ್ತುತ್ತಿದ್ದಳು ಎಂಬುದು ಅವತ್ತೇ ನನಗೆ ಗೊತ್ತಾದದ್ದು. "ಚಿಕ್ಕಮ್ಮ ಆರನೇದು. ನೀನು ಹೊಸಬರನ್ನು ಸೇರಿಸಿದಾಗೆಲ್ಲ ನಂಗೆ ಲೆಕ್ಕ ತಪ್ಪೋದು" ಅಂದಳು ನಗುತ್ತ.

ಒಂದು ಕನ್ನಡ ಕೀಲಿಮಣೆ ಹಾಕಿಕೊಂಡೆ. ಅಮ್ಮ ಡೈರಿ ನೋಡಿ ಹೇಳುತ್ತ ಹೋದಳು, ನಾನು ಕುಟ್ಟುತ್ತ ಹೋದೆ. ಚಿಕ್ಕಮ್ಮ. ದೊಡ್ಡಪ್ಪ ಹಾಸನ. ಹಾಲಿನವನು. ಕಾಯಿ ಕೀಳೋನು. ಕೊಬ್ಬರಿ ಮಂಡಿ. ಗ್ಯಾಸ್. ಗಿರಣಿ. ಒಂದೊಂದನ್ನು ಸೇವ್ ಮಾಡಿದಾಗಲೂ ಹೆಸರು ಹೋಗಿ ತನ್ನ ಅಕ್ಷರದ ಸಾಲಿನಲ್ಲಿ ಕೂರುತ್ತಿತ್ತು. 'ಚಿಕ್ಕಮ್ಮ'ದಲ್ಲಿ ಕಕಾರದ ಕೆಳಗೆ ಕಾ ಒತ್ತು, ಮಕಾರದ ಕೆಳಗೆ ಮಾ ಒತ್ತು, ಪಾಟಿಯ ಮೇಲೆ ಮೇಷ್ಟ್ರು ಬರೆದ ಹಾಗೆ. ಆ ಅಕ್ಷರ ಲೋಹಿತ್ ಫಾಂಟಿನದು. ಅಂಥ ಚಂದದ ಫಾಂಟೇನಲ್ಲ, ಸ್ವಲ್ಪ ಬಿಗುವಾಗಿ ನಿಂತಂತಿರುತ್ತದೆ. ಅವತ್ತು ಚಂದ ಕಂಡಿತು. ವಾಟ್ಸಾಪಿನ ಕರೆಯನ್ನು ಚಿಕ್ಕಮ್ಮನ ಮಗನಿಂದ ಇನ್ನೊಮ್ಮೆ ಕಳಿಸಿಕೊಂಡೆವು. ಅಮ್ಮ ಕನ್ನಡಕ ಏರಿಸಿ ಜೋರಾಗಿಯೇ ಓದಿದಳು, ಮುಹೂರ್ತದಿಂದ ಹಿಡಿದು ಸುಖಾಗಮನ ಬಯಸುವವರ ಕೊನೆಯ ಹೆಸರಿನವರೆಗೆ. ಕ್ಯಾಮೆರಾ ಮಾತ್ರ ಅವತ್ತಿನಿಂದ ಕೆಲಸ ಮಾಡಲಿಲ್ಲ. ಹೊಂದಿಸಿದವನು ಮೊದಲೇ ಬರೆದಿದ್ದ, ನಾನು ಓದಿರಲಿಲ್ಲ.

ಆಮೇಲೆ ನನ್ನ ಹುಚ್ಚು ಬ್ರ್ಯಾಂಡಿನ ಕಡೆ ತಿರುಗಿದ್ದಕ್ಕೂ ಇದೇ ಕಾರಣ. ಪೆಟ್ಟಿಗೆಯಿಂದ ತೆಗೆಯುವಾಗಲೇ ಸಯನೋಜನ್ ಇರುವ ಫೋನು ಬರುತ್ತದೆ ಅಂದಾಗ, ಒನ್‌ಪ್ಲಸ್ ಎಂಬ ಯಾರೂ ಕೇಳಿರದ ಚೀನೀ ಕಂಪನಿಗೆ ನಾನು ಕಣ್ಣುಮುಚ್ಚಿ ಒಲಿದೆ. 2014ರ ಡಿಸೆಂಬರ್ 2ರಂದು ಒನ್‌ಪ್ಲಸ್ ಒನ್ ಭಾರತಕ್ಕೆ ಬಂತು, 21,999 ರೂಪಾಯಿ. ದುಡ್ಡಿದ್ದರೂ ಸಾಲದು, ಇನ್ವೈಟ್ ಬೇಕು! ಗೃಹಪ್ರವೇಶಕ್ಕಾದರೂ ಕರೆಯದೆ ಹೋಗಬಹುದಿತ್ತು, ಇದಕ್ಕೆ ಸಾಧ್ಯವಿರಲಿಲ್ಲ. ಸಹೋದ್ಯೋಗಿಯೊಬ್ಬರ ದಾಕ್ಷಿಣ್ಯದಿಂದ ಒಂದು ಸಿಕ್ಕಿತು. ಬೆನ್ನು ಉಪ್ಪುಕಾಗದದ ಹಾಗೆ ತರಿತರಿ, ಕೈಯಿಂದ ಜಾರುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ "ಅದ್ಯಾವ ಫೋನು?" ಅಂದರೆ ಸಾಕು, ಪೀಣ್ಯದಿಂದ ಮೆಜೆಸ್ಟಿಕ್‌ವರೆಗೂ ನನ್ನ ಪ್ರವಚನ.

ಪ್ರವಚನ ಶುರುವಾದ ಎರಡೇ ವಾರಕ್ಕೆ ವ್ಯಾಜ್ಯ. ಸಯನೋಜನ್ ಅಷ್ಟರಲ್ಲಿ ಕಂಪನಿಯಾಗಿತ್ತು, ಭಾರತದ ಮಟ್ಟಿಗೆ ತನ್ನ ತಂತ್ರಾಂಶವನ್ನು ಮೈಕ್ರೋಮ್ಯಾಕ್ಸಿಗೆ ಮಾತ್ರ ಎಂದು ಬರೆದುಕೊಟ್ಟಿತ್ತು. ದೆಹಲಿ ಹೈಕೋರ್ಟು ಒನ್‌ಪ್ಲಸ್ ಮಾರಾಟಕ್ಕೆ ತಡೆ ಹಾಕಿ, ಕೆಲವೇ ದಿನದಲ್ಲಿ ಆ ತಡೆ ತೆರವಾಯಿತು. ನಾನು ಗಂಡ ಹೆಂಡಿರ ಜಗಳದ ನಡುವಿನ ಮಗುವಿನ ಹಾಗೆ ಸುದ್ದಿ ಓದುತ್ತಿದ್ದೆ. ಮರುವರ್ಷ ಒನ್‌ಪ್ಲಸ್ ತನ್ನದೇ ಆಕ್ಸಿಜನ್ ಓಎಸ್ ತಂದಿತು. ಚುರುಕಾಗಿತ್ತು, ಚೊಕ್ಕಟವಾಗಿತ್ತು, ಹೊಗಳಿದವರು ಸುಮ್ಮನೆ ಹೊಗಳಿರಲಿಲ್ಲ. ಬ್ರಿಗೇಡ್ ರಸ್ತೆಯಲ್ಲಿ ಅವರ ಅಂಗಡಿ ತೆರೆದಾಗ ಹೋಗಿ ಹೊಸ ಫೋನುಗಳನ್ನೆಲ್ಲ ಮುಟ್ಟಿ ನೋಡಿ, ಹಾಗೇ ಆಚೆ ಬಂದು ಕಾಫಿ ಕುಡಿದು ಮನೆಗೆ ಹೋದೆ.

2016ರ ಡಿಸೆಂಬರಿನಲ್ಲಿ ಸಯನೋಜನ್ ಕಂಪನಿ ತನ್ನ ಸೇವೆಗಳನ್ನೆಲ್ಲ ಆ ವರ್ಷದ ಕೊನೆಗೇ ನಿಲ್ಲಿಸುವುದಾಗಿ ಹೇಳಿತು. ಹೆಸರು ಕಂಪನಿಯ ಸ್ವತ್ತು, ಕೋಡ್ ಎಲ್ಲರದು. ಹಾಗಾಗಿ ಕೋಡ್ ಬರೆಯುತ್ತಿದ್ದವರು ಹೆಸರು ಬಿಟ್ಟು ಕೋಡ್ ಎತ್ತಿಕೊಂಡು ಆಚೆ ನಡೆದರು, ಲೀನಿಯೇಜ್ ಓಎಸ್ ಅಂತ ಹೊಸದಾಗಿ ಕರೆದುಕೊಂಡರು.

ಅಷ್ಟರಲ್ಲಿ ಅಮ್ಮನ ಹಳೇ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ನಿಲ್ಲದಾಗಿತ್ತು. 2017ರ ಯುಗಾದಿಗೆ ಊರಿಗೆ ಹೋಗುವಾಗ ನನ್ನ ಒನ್‌ಪ್ಲಸ್ ಒನ್‌ಗೆ ಲೀನಿಯೇಜ್ ಹಾಕಿಕೊಂಡೇ ಹೊರಟೆ. ಈ ಸಲ ವೈಪ್ ಮಾಡಿದ್ದೆ. ಬ್ಯಾಕಪ್ಪೂ ಇತ್ತು, ಅಮ್ಮನ ನಂಬರುಗಳು ಗೂಗಲ್ ಖಾತೆಯಲ್ಲಿದ್ದವು, ಗೂಗಲ್ ಆ್ಯಪ್‌ಗಳ ಜಿಪ್ಪು ಮರೆತಿರಲಿಲ್ಲ. ಅಮ್ಮನ ಮುಂದೆಯೇ ಆನ್ ಮಾಡಿದೆ. ತೆರೆಯ ಮೇಲೆ ಒಂದು ಗೆರೆ, ಅದರ ಮೇಲೊಂದು ಉಂಡೆ ಓಡಾಡಿತು.

"ಬೊಂಬೆ ಎಲ್ಲೋ?"

"ಆ ಕಂಪನಿ ಮುಚ್ಚಿತಮ್ಮ. ಇದು ಅದೇ, ಹೆಸರು ಬೇರೆ."

"ಕಂಪನಿ ಮುಚ್ಚಿದ್ರೆ ಬೊಂಬೆ ಏನು ಮಾಡಿತ್ತು ಪಾಪ" ಅಂದವಳೇ ಫೋನು ಕಿತ್ತುಕೊಂಡು ಹೆಸರುಗಳ ಪಟ್ಟಿ ತೆರೆದಳು. ಬೆರಳಿನಿಂದ ಮೇಲೆ ತಳ್ಳುತ್ತ, ತುಟಿ ಅಲ್ಲಾಡಿಸುತ್ತ ಓದಿಕೊಂಡು ಹೋದಳು. ಒಂದು ಕಡೆ ನಿಲ್ಲಿಸಿ ಒತ್ತಿ ಕಿವಿಗಿಟ್ಟುಕೊಂಡು ಹಿತ್ತಿಲ ಕಡೆ ನಡೆದಳು.

"ನಾಳೆ ಬರ್ತೀಯೇನಪ್ಪ? ಕಾಯಿ ಬಲಿತು ತಾವೇ ಉದುರ್ತಾ ಇವೆ."