ಎಸ್‌ವಿಜಿ ಕಡತದಲ್ಲಿ ಕನ್ನಡ: ಒತ್ತು ಎಲ್ಲಿ ಒಡೆಯುತ್ತದೆ, ಯಾಕೆ

ಎಸ್‌ವಿಜಿ ಚಿತ್ರವೆಂದು ನಾವು ಕರೆಯುವುದು ನಿಜಕ್ಕೂ ಒಂದು ಪಠ್ಯ ಕಡತ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಷ್ಟು ಬಾಗಿಸು, ಈ ಬಣ್ಣ ತುಂಬು’ ಎಂಬ ಅಪ್ಪಣೆಗಳು ಸಾಲುಸಾಲಾಗಿ ಕಾಣುತ್ತವೆ. 2001ರ ಸೆಪ್ಟೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದರ ಮೊದಲ ಆವೃತ್ತಿಯನ್ನು ಪ್ರಕಟಿಸಿದಾಗಿನಿಂದ ಇಂದಿನವರೆಗೆ ಈ ಬುನಾದಿ ಬದಲಾಗಿಲ್ಲ. ಗೆರೆ, ವೃತ್ತ, ಬಣ್ಣಗಳ ಮಟ್ಟಿಗೆ ತಕರಾರೇ ಇಲ್ಲ. ಯಾವ ಯಂತ್ರದಲ್ಲಿ ತೆರೆದರೂ ಒಂದೇ ಥರ ಕಾಣುತ್ತವೆ. ತಕರಾರು ಶುರುವಾಗುವುದು ಅದರೊಳಗೆ ಕನ್ನಡದಲ್ಲಿ ಒಂದು ಪದ ಬರೆದ ಕ್ಷಣದಿಂದ.

ಬರೆದ ಪದ ಕಡತದಲ್ಲಿ ಬರೀ ಯೂನಿಕೋಡ್ ಅಕ್ಷರಗಳಾಗಿ ಕೂರುತ್ತದೆ. ಜೊತೆಗೆ ಫಾಂಟಿನ ಹೆಸರು ಇರುತ್ತದೆ, ಫಾಂಟ್ ಇರುವುದಿಲ್ಲ. ತೆರೆದವರ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಸಿಕ್ಕಿದ ಕನ್ನಡ ಫಾಂಟನ್ನು ತೊಡಿಸಲಾಗುತ್ತದೆ, ಅದೂ ಸಿಗದಿದ್ದರೆ ಚೌಕದ ಡಬ್ಬಿಗಳು. ಫಾಂಟ್ ಸಿಕ್ಕಿದ ಮೇಲೂ ಇನ್ನೊಂದು ಕೆಲಸ ಬಾಕಿ. ‘ಷ್ಟ್ರ’ ಎನ್ನುವುದು ಐದು ಸಂಕೇತಗಳ ಸರಣಿ: ಷ, ಹಲಂತ, ಟ, ಹಲಂತ, ರ. ಇದನ್ನು ಒಂದು ಅಕ್ಷರ, ಅದರ ಕೆಳಗೆ ಎರಡು ಒತ್ತು ಎಂದು ಜೋಡಿಸುವ ತಂತ್ರಾಂಶ ಬೇಕು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲಿ, ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ (ಬೇರೆ ತಂತ್ರಾಂಶಗಳು ಒಳಗೆ ಸೇರಿಸಿಕೊಳ್ಳುವ ಸಿದ್ಧ ತುಣುಕು). ಇಂಥ ಜೋಡಣೆಯ ತಂತ್ರಾಂಶ ಇಲ್ಲದ ಕಡೆ ಹಲಂತ ಹಲಂತವಾಗಿಯೇ ಉಳಿದು, ಒತ್ತುಗಳು ಪೂರ್ಣಾಕ್ಷರಗಳಾಗಿ ಪಕ್ಕದಲ್ಲಿ ನಿಲ್ಲುತ್ತವೆ.

ಆದ್ದರಿಂದ ಚಿತ್ರ ಬಿಡಿಸಲು ಕೂರುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿ ಒಂದಿದೆ: ಅಕ್ಷರ ಅಕ್ಷರವಾಗಿಯೇ ಇರಬೇಕೆ, ಫಾಂಟನ್ನು ಕಡತದೊಳಗೆ ತುಂಬಬೇಕೆ, ಇಲ್ಲವೇ ಅಕ್ಷರವನ್ನು ಪಾತ್ (ಅಂಚಿನ ಗೆರೆ) ಮಾಡಿ ಬರೀ ಆಕೃತಿಯಾಗಿಸಬೇಕೆ. ಕಡತ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಯಾವ ಉಪಕರಣವನ್ನಾದರೂ ನಂಬುವ ಮುನ್ನ ಅದಕ್ಕೆ ಒಂದು ಸಾಲು ತಿನ್ನಿಸಿ ನೋಡಿ: ‘ಕೀರ್ತಿ, ರಾಷ್ಟ್ರ, ಸ್ತ್ರೀ, ಕೈಲಾಸ, ರಾಜ್‌ಕುಮಾರ್, ರ‍್ಯಾಂಕ್’. ಅರ್ಕಾವತ್ತು ‘ತಿ’ಯ ಬಲಕ್ಕೆ ಬಂತೇ, ಎರಡೂ ಒತ್ತು ಒತ್ತಾಗಿಯೇ ಕೂತವೇ, ಐತ್ವದ ಎರಡೂ ತುಂಡು ಜಾಗದಲ್ಲಿವೆಯೇ ಎಂದು ಮೊದಲ ನಾಲ್ಕು ಪದ ಹೇಳುತ್ತವೆ. ಕೊನೆಯ ಎರಡು ಬೇರೆಯದೇ ಪರೀಕ್ಷೆ. ‘ರಾಜ್‌ಕುಮಾರ್’ ಪದದ ನಡುವೆ ಕಣ್ಣಿಗೆ ಕಾಣದ, 8204 ಸಂಖ್ಯೆಯ ಬೇರ್ಪಡಿಸುವ ಅಕ್ಷರವಿದೆ; ‘ರ‍್ಯಾಂಕ್’ ಪದದಲ್ಲಿ 8205 ಸಂಖ್ಯೆಯ ಕೂಡಿಸುವ ಅಕ್ಷರವಿದೆ. ಕಾಪಿ-ಪೇಸ್ಟ್ ಮಾಡುವಾಗ ಇವು ಉದುರಿಹೋದರೆ ಮೊದಲನೆಯದು ‘ರಾಜ್ಕುಮಾರ್’ ಆಗುತ್ತದೆ, ಎರಡನೆಯದರಲ್ಲಿ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಪ್ರೂಫ್ ನೋಡುವವರ ಕಣ್ಣಿಗೂ ಇದು ಬೇಗ ಬೀಳುವುದಿಲ್ಲ.

ಈ ಸಾಲಿನಲ್ಲಿ ಮೊದಲು ಎಡವುವವು, ಪದ ಟೈಪಿಸಿದರೆ ಪಾತ್ ಮಾಡಿಕೊಡುತ್ತೇವೆ ಎನ್ನುವ ಆನ್‌ಲೈನ್ ಪರಿವರ್ತಕಗಳು. ಇಂಥ ಹಲವುಗಳ ಒಳಗಿರುವುದು ಓಪನ್‌ಟೈಪ್ ಜೆಎಸ್ ಎಂಬ ಲೈಬ್ರರಿ. ಲ್ಯಾಟಿನ್‌ಗೆ ಅದು ಸೊಗಸಾದದ್ದೇ, ಆದರೆ ಕನ್ನಡದ ಜೋಡಣೆಯ ನಿಯಮ ಅದಕ್ಕೆ ಒಗ್ಗದು. ವಿಚಿತ್ರವೆಂದರೆ, ಬ್ರೌಸರಿನಲ್ಲೇ ಓಡುವ ಎಸ್‌ವಿಜಿ-ಎಡಿಟ್, ಬಾಕ್ಸಿ ಎಸ್‌ವಿಜಿಯಂಥ ಸಂಪಾದಕಗಳಲ್ಲಿ ಅದೇ ಪದ ಸರಿಯಾಗಿ ಕಾಣುತ್ತದೆ, ಏಕೆಂದರೆ ತೆರೆಯ ಮೇಲೆ ಅಕ್ಷರ ಬಿಡಿಸುವವನು ಬ್ರೌಸರ್. ಹಾಗಾಗಿ ‘ತೆರೆಯ ಮೇಲೆ ಸರಿ ಇದೆ’ ಎಂಬುದನ್ನು ಪುರಾವೆಯಾಗಿ ಒಪ್ಪಬೇಡಿ. ಪಾತ್ ಮಾಡಿದ ಮೇಲೆ ಕಡತ ಇಳಿಸಿಕೊಂಡು, ಇನ್ನೊಂದು ಯಂತ್ರದಲ್ಲೋ ಫೋನಿನಲ್ಲೋ ತೆರೆದು ನೋಡಿ.

ಕನ್ನಡವನ್ನು ಪಾತ್ ಮಾಡಲು ಇಂದಿಗೂ ನನ್ನ ಮೊದಲ ಆಯ್ಕೆ ಇಂಕ್‌ಸ್ಕೇಪ್. ಉಚಿತ, ಮುಕ್ತ ತಂತ್ರಾಂಶ. 2024ರ ಅಕ್ಟೋಬರ್‌ನಲ್ಲಿ 1.4 ಆವೃತ್ತಿ ಬಂತು. ಪದವನ್ನು ಆಯ್ದುಕೊಂಡು ಕಂಟ್ರೋಲ್, ಶಿಫ್ಟ್, ಸಿ ಒತ್ತಿದರೆ ಪಾತ್ ಆಗುತ್ತದೆ. ಸಿಗುವುದು ಅಕ್ಷರಾಕೃತಿಗಳ ಒಂದು ಗುಂಪು. ಕಂಟ್ರೋಲ್, ಶಿಫ್ಟ್, ಜಿ ಒತ್ತಿ ಗುಂಪು ಬಿಡಿಸಿ, ಎಲ್ಲವನ್ನೂ ಆಯ್ದು ಪಾತ್ ಮೆನುವಿನ ‘ಯೂನಿಯನ್’ ಕೊಡಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಕನ್ನಡ ಫಾಂಟಿನಲ್ಲಿ ಮೂಲಾಕ್ಷರ, ಕಾಗುಣಿತದ ಚಿಹ್ನೆ, ಒತ್ತು ಇವು ಒಂದರ ಮೇಲೊಂದು ಹತ್ತಿಕೊಂಡಿರುವುದು ಸಾಮಾನ್ಯ. ವೇರಿಯೆಬಲ್ ಫಾಂಟ್ (ದಪ್ಪ, ಅಗಲವನ್ನು ಬೇಕಾದಷ್ಟು ಬದಲಿಸಬಹುದಾದ ಫಾಂಟ್) ಆದರೆ ಒಂದೇ ಅಕ್ಷರದ ಒಳಗೂ ತುಂಡುಗಳು ಹೊದ್ದಿರುತ್ತವೆ. ಕಪ್ಪು ಬಣ್ಣ ತುಂಬಿದಾಗ ಏನೂ ಗೊತ್ತಾಗದು. ಬಣ್ಣವನ್ನು ಅರೆಪಾರದರ್ಶಕ ಮಾಡಿ ಅಥವಾ ಅಂಚಿಗೆ ಗೆರೆ ಕೊಡಿ, ಆಗ ಒಳಗಿನ ಕೂಡುಗೆರೆಗಳೆಲ್ಲ ಎದ್ದು ಬರುತ್ತವೆ. ವಿನೈಲ್ ಕಟರ್ ಅಥವಾ ಲೇಸರ್ ಯಂತ್ರಕ್ಕೆ ಕೊಟ್ಟರಂತೂ ಅದು ಗೆರೆ ಇದ್ದಲ್ಲೆಲ್ಲ ಕತ್ತರಿಸುತ್ತದೆ: ‘ಶ್ರೀ’ ಎಂದು ಕತ್ತರಿಸಲು ಕೊಟ್ಟ ಸ್ಟಿಕ್ಕರ್ ಮೂರು ಚೂರಾಗಿ ಎದ್ದು ಬರುತ್ತದೆ.

ಯೂನಿಯನ್ ಆದ ಮೇಲೆ ‘ಠ’, ‘ಥ’, ‘ಧ’ ಅಕ್ಷರಗಳ ಒಳಗಿನ ಖಾಲಿ ಜಾಗ ತುಂಬಿಹೋಗಿಲ್ಲವೇ ಎಂದು ನೋಡಿಕೊಳ್ಳಿ. ಮಹಾಪ್ರಾಣದ ಸೀಳು ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ, ಅಂಗಡಿಯ ಫಲಕದಲ್ಲಿ ಅದು ತಮಾಷೆಯಲ್ಲ.

ಡಿಟಿಪಿ ಅಂಗಡಿಗಳಲ್ಲಿ ಇದನ್ನೇ ‘ಕರ್ವ್ ಮಾಡುವುದು’ ಎನ್ನುತ್ತಾರೆ. ಕೋರೆಲ್‌ಡ್ರಾನಲ್ಲಿ ಕಂಟ್ರೋಲ್, ಕ್ಯೂ. ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ. ಇಲ್ಲಸ್ಟ್ರೇಟರ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದು ಕಂಡರೆ ಫಾಂಟನ್ನು ಬೈಯಬೇಡಿ: ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಶನ್ಸ್’ ಗುರುತು ಹಾಕಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನಲ್ಲಿನ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಉಳಿಸುವಾಗ ‘ಪ್ರಿಸರ್ವ್ ಇಲ್ಲಸ್ಟ್ರೇಟರ್ ಎಡಿಟಿಂಗ್ ಕೇಪಬಿಲಿಟೀಸ್’ ಎಂಬ ಗುರುತನ್ನು ತೆಗೆಯಿರಿ, ಇಲ್ಲದಿದ್ದರೆ ನಾಲ್ಕು ಗೆರೆಯ ಲೋಗೋಗೆ ಬೇಡದ ದತ್ತಾಂಶವೆಲ್ಲ ಅಂಟಿಕೊಂಡು ಕಡತ ಊದಿಕೊಳ್ಳುತ್ತದೆ. ಹಳೆಯ ನುಡಿ, ಶ್ರೀಲಿಪಿಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಅಕ್ಷರವಾಗಿಯೇ ಎಸ್‌ವಿಜಿ ಮಾಡಿದರೆ ಒಳಗೆ ಉಳಿಯುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಹುಡುಕಾಟಕ್ಕೂ ಸಿಗದು, ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮುಂದಿನ ಮಾತು.

ಕತ್ತರಿಸುವ ಯಂತ್ರದ ವಿಷಯ ಬಂದಿದ್ದರಿಂದ ಅಳತೆಯ ಗೊಂದಲವನ್ನೂ ಹೇಳಿಬಿಡುತ್ತೇನೆ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದಕ್ಕೆ ಇಲ್ಲಸ್ಟ್ರೇಟರ್ 72 ಎನ್ನುತ್ತದೆ, ಬ್ರೌಸರ್‌ಗಳು 96 ಎನ್ನುತ್ತವೆ, ಇಂಕ್‌ಸ್ಕೇಪ್ 0.92ಕ್ಕಿಂತ ಮುಂಚೆ 90 ಎನ್ನುತ್ತಿತ್ತು. ಇಲ್ಲಸ್ಟ್ರೇಟರ್‌ನಲ್ಲಿ 100 ಮಿಲಿಮೀಟರ್ ಇದ್ದ ಫಲಕ ಇನ್ನೊಂದು ಕಡೆ 75 ಮಿಲಿಮೀಟರ್ ಆಗಿ ಬಂದರೆ ಕಾರಣ ಇದೇ, 133.33 ಪ್ರತಿಶತಕ್ಕೆ ಹಿಗ್ಗಿಸಿದರೆ ಸರಿಹೋಗುತ್ತದೆ. ಮೊದಲೇ ತಪ್ಪಿಸಬೇಕಾದರೆ ಕಡತದ ಅಗಲ, ಎತ್ತರಗಳನ್ನು ಮಿಲಿಮೀಟರಿನಲ್ಲೇ ಬರೆದು, ವ್ಯೂಬಾಕ್ಸ್‌ನಲ್ಲೂ (ಚಿತ್ರದ ಒಳಗಿನ ಅಳತೆಯ ಚೌಕಟ್ಟು) ಅದೇ ಅಂಕಿಗಳನ್ನಿಡಿ. ಅಗಲ 100 ಮಿಮೀ, ಎತ್ತರ 40 ಮಿಮೀ ಆದರೆ ವ್ಯೂಬಾಕ್ಸ್ ‘0 0 100 40’. ಆಗ ಒಳಗಿನ ಒಂದು ಅಂಶ (ಯೂನಿಟ್) ಎಂದರೆ ಒಂದು ಮಿಲಿಮೀಟರ್, ಯಾರು ತೆರೆದರೂ.

ಇನ್ನು ವೆಬ್ ಪುಟ. ಇಲ್ಲಿ ಅಕ್ಷರವನ್ನು ಅಕ್ಷರವಾಗಿ ಬಿಡುವುದೇ ಒಳ್ಳೆಯದು, ಎಸ್‌ವಿಜಿಯ ಸಾಲುಗಳನ್ನು ನೇರವಾಗಿ ಪುಟದ ಎಚ್‌ಟಿಎಂಎಲ್ ಒಳಗೇ ಸೇರಿಸಿದ್ದರೆ. ಪುಟಕ್ಕೆ ತಂದುಕೊಂಡ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಯಾವುದಾದರೂ ಅದಕ್ಕೆ ಹಾಗೇ ಅನ್ವಯವಾಗುತ್ತದೆ. ಅದೇ ಕಡತವನ್ನು ಇಮೇಜ್ ಟ್ಯಾಗ್ ಮೂಲಕ ತೋರಿಸಿದರೆ ಲೆಕ್ಕವೇ ಬೇರೆ. ಸುರಕ್ಷತೆಗಾಗಿ ಬ್ರೌಸರ್ ಅಂಥ ಎಸ್‌ವಿಜಿಗೆ ಹೊರಗಿನ ಯಾವ ಕಡತವನ್ನೂ ಮುಟ್ಟಲು ಬಿಡುವುದಿಲ್ಲ: ಹೊರಗಿನ ಫಾಂಟ್ ಇಲ್ಲ, ಹೊರಗಿನ ಚಿತ್ರ ಇಲ್ಲ, ಸ್ಕ್ರಿಪ್ಟ್ ಓಡುವುದಿಲ್ಲ. ‘ಪುಟದಲ್ಲಿ ಫಾಂಟ್ ಹಾಕಿದ್ದೇನೆ, ಆದರೂ ಚಿತ್ರದಲ್ಲಿ ಬರುತ್ತಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಆಗ ಉಳಿಯುವ ದಾರಿ, ಫಾಂಟನ್ನು ಬೇಸ್64 (ಕಡತವನ್ನು ಪಠ್ಯವಾಗಿ ಬರೆಯುವ ವಿಧಾನ) ಮಾಡಿ ಕಡತದೊಳಗೇ ತುಂಬುವುದು. ಮೂರು ಬೈಟ್ ನಾಲ್ಕಾಗುವುದರಿಂದ ಗಾತ್ರ ಮೂರನೇ ಒಂದರಷ್ಟು ಹೆಚ್ಚುತ್ತದೆ. ಹಾಗಾಗಿ ಇಡೀ ಫಾಂಟ್ ಬೇಡ, ಬೇಕಾದ ಅಕ್ಷರಗಳ ತುಂಡು ಸಾಕು. ಇಲ್ಲೊಂದು ಗುಂಡಿ ಇದೆ. ಒತ್ತಕ್ಷರಗಳ ಆಕೃತಿಗಳಿಗೆ ತಮ್ಮದೇ ಯೂನಿಕೋಡ್ ಸಂಖ್ಯೆ ಇಲ್ಲ. ಜೋಡಣೆಯ ನಿಯಮ ಅವನ್ನು ಕರೆದಾಗ ಮಾತ್ರ ಬರುತ್ತವೆ. ‘ಕ, ಮ, ಲ ಇಟ್ಟುಕೊಂಡು ಉಳಿದದ್ದು ಬಿಸಾಡು’ ಎಂದು ಸಂಖ್ಯೆ ನೋಡಿ ಕತ್ತರಿಸುವ ಉಪಕರಣ ಒತ್ತುಗಳನ್ನೂ ಬಿಸಾಡುತ್ತದೆ. ಫಾಂಟ್‌ಟೂಲ್ಸ್ ಎಂಬ ಉಪಕರಣಗಳ ಗುಚ್ಛದ ಪೈಎಫ್‌ಟಿಸಬ್‌ಸೆಟ್ ಆ ನಿಯಮಗಳನ್ನು ಹಿಂಬಾಲಿಸಿ, ನೀವು ಕೊಟ್ಟ ಪಠ್ಯದ ಅಕ್ಷರಗಳಿಂದ ಹುಟ್ಟಬಹುದಾದ ಆಕೃತಿಗಳನ್ನೆಲ್ಲ ಉಳಿಸಿಕೊಳ್ಳುತ್ತದೆ. ಕೊಡುವ ಪಠ್ಯದಲ್ಲಿ 8204, 8205 ಅಕ್ಷರಗಳೂ ಇರಲಿ, ಔಟ್‌ಪುಟ್ ವಾಫ್2 (ವೆಬ್‌ಗೆಂದು ಕುಗ್ಗಿಸಿದ ಫಾಂಟ್ ರೂಪ) ಇರಲಿ.

ಹತ್ತಿಪ್ಪತ್ತು ಅಕ್ಷರದ ಲೋಗೋಗೆ ಈ ಕಷ್ಟ ಯಾಕೆ? ಪಾತ್ ಮಾಡಿ ಮುಗಿಸಿ. ಆದರೆ ಪಾತ್ ಮಾಡಿದ ಮೇಲೆ ಪದ ಪದವಾಗಿ ಉಳಿಯುವುದಿಲ್ಲ. ಪುಟದೊಳಗೇ ಸೇರಿಸಿದ್ದರೆ ರೋಲ್ ‘ಐಎಂಜಿ’ (img) ಎಂದು ಕೊಟ್ಟು, ಟೈಟಲ್ ಟ್ಯಾಗಿನಲ್ಲಿ ಅದೇ ಪದವನ್ನು ಕನ್ನಡದಲ್ಲಿ ಬರೆಯಿರಿ. ಇಮೇಜ್ ಟ್ಯಾಗ್ ಆದರೆ ಆಲ್ಟ್‌ನಲ್ಲಿ. ಅಂಧ ಓದುಗರ ಸ್ಕ್ರೀನ್ ರೀಡರಿಗೆ ಬೇರೆ ಆಧಾರವಿಲ್ಲ.

ಅಕ್ಷರವಾಗಿ ಬಿಟ್ಟಾಗ ಕಾಡುವ ಮತ್ತೆರಡು ಸಣ್ಣ ಪೀಡೆಗಳಿವೆ. ವ್ಯೂಬಾಕ್ಸಿನ ಹೊರಗೆ ಹೋದದ್ದನ್ನು ಬ್ರೌಸರ್ ಕತ್ತರಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದಿಟ್ಟ ಜಾಗದಲ್ಲಿ ಕನ್ನಡ ಹಾಕಿದರೆ ಕೆಳಗಿನ ಒತ್ತು ಅರ್ಧ ಕಾಣೆ. ಬರಹದ ಗೆರೆಯಿಂದ ಕೆಳಕ್ಕೆ ಅಕ್ಷರ ಗಾತ್ರದ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಬಿಡಿ. 40ರ ಗಾತ್ರಕ್ಕೆ 22ರಿಂದ 24. ಇನ್ನೊಂದು, ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಎಕ್ಸ್ ಸ್ಥಾನ ಕೊಡುವ ಕಡತಗಳು. ಪಿಡಿಎಫ್‌ನಿಂದ ಎಸ್‌ವಿಜಿ ಮಾಡಿದಾಗ ಇಂಥವು ಹುಟ್ಟುತ್ತವೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಪದಕ್ಕೊಂದು ಸ್ಥಾನ ಉಳಿಸಿ ಉಳಿದ ಅಂಕಿಗಳನ್ನು ಅಳಿಸಿ.

ಕಡತದ ತೂಕ ಇಳಿಸಲು ಎಸ್‌ವಿಜಿಓ, ಅದಕ್ಕೇ ಬ್ರೌಸರ್ ಮುಖ ತೊಡಿಸಿದ ಎಸ್‌ವಿಜಿಓಎಂಜಿ. ಎರಡನೆಯದು ಪೂರ್ತಿ ನಿಮ್ಮ ಬ್ರೌಸರಿನೊಳಗೇ ಕೆಲಸ ಮಾಡುತ್ತದೆ, ಕಡತ ಎಲ್ಲಿಗೂ ಹೋಗುವುದಿಲ್ಲ. ಇನ್ನೂ ಬಿಡುಗಡೆಯಾಗದ ಲೋಗೋವನ್ನು ಯಾವುದೋ ಪರಿವರ್ತಕ ತಾಣಕ್ಕೆ ಏರಿಸುವ ಬದಲು ಇದು ಮೇಲು. ಹಳೆಯ ಎಸ್‌ವಿಜಿಓ ತಾನಾಗಿಯೇ ವ್ಯೂಬಾಕ್ಸ್ ತೆಗೆದುಹಾಕುತ್ತಿತ್ತು. ಆಮೇಲೆ ಚಿತ್ರ ಹಿಗ್ಗದೆ ಮೂಲೆಯಲ್ಲಿ ಕತ್ತರಿಸಿ ನಿಲ್ಲುತ್ತಿತ್ತು. ಟೈಟಲ್ ಟ್ಯಾಗನ್ನೂ ತಿನ್ನುತ್ತಿತ್ತು. 4ನೇ ಆವೃತ್ತಿಯಿಂದ ಇವೆರಡೂ ಅದು ತಾನಾಗಿ ಮಾಡುವ ಕೆಲಸಗಳ ಪಟ್ಟಿಯಿಂದ ಹೊರಬಿದ್ದಿವೆ. ನಿಮ್ಮ ಪ್ರಾಜೆಕ್ಟಿನಲ್ಲಿ ಇನ್ನೂ 2 ಅಥವಾ 3 ಓಡುತ್ತಿದ್ದರೆ ಕೈಯಾರೆ ನಿಲ್ಲಿಸಬೇಕು.

ಎಸ್‌ವಿಜಿಓನಲ್ಲಿ ದಶಾಂಶದ ನಿಖರತೆಯನ್ನು (ದಶಾಂಶ ಬಿಂದುವಿನ ಮುಂದೆ ಎಷ್ಟು ಅಂಕಿ ಉಳಿಯಬೇಕು ಎಂಬುದು) ಕಣ್ಣುಮುಚ್ಚಿ 1ಕ್ಕೆ ಇಳಿಸುವವರಿದ್ದಾರೆ. ಲೆಕ್ಕ ಹಾಕಿ: 24ರ ವ್ಯೂಬಾಕ್ಸಿನ ಚಿತ್ರವನ್ನು 240 ಪಿಕ್ಸೆಲ್ ಅಗಲಕ್ಕೆ ತೋರಿಸಿದರೆ ಒಂದು ಅಂಶಕ್ಕೆ 10 ಪಿಕ್ಸೆಲ್. 0.1ಕ್ಕೆ ಸರಿಮಾಡಿದಾಗ ಪ್ರತಿ ಬಿಂದು ಅರ್ಧ ಪಿಕ್ಸೆಲ್‌ವರೆಗೆ ಜರುಗುತ್ತದೆ. ನೇರ ಗೆರೆಯ ಬಾಣದ ಗುರುತಿಗೆ ಇದು ಲೆಕ್ಕಕ್ಕಿಲ್ಲ. ದುಂಡಗಿನ ಕನ್ನಡದ ‘ರ’, ‘ಠ’, ‘ಅ’ಗಳಿಗೆ ಇಷ್ಟು ಜರುಗಿದರೂ ಸಾಕು, ಅಂಚು ಉಬ್ಬುತಗ್ಗಾಗಿ ಕಾಣುತ್ತದೆ. 24ರ ಚೌಕಕ್ಕೆ 3 ಇಡಿ, 1000ದ ವ್ಯೂಬಾಕ್ಸಿಗೆ 1 ಧಾರಾಳ. ಎಸ್‌ವಿಜಿಓ ಐಡಿಗಳನ್ನು (ಚಿತ್ರದೊಳಗಿನ ಭಾಗಗಳ ಹೆಸರು) ಒಂದೇ ಅಕ್ಷರಕ್ಕೆ ಕುಗ್ಗಿಸುವುದೂ ಗೊತ್ತಿರಲಿ. ಒಂದೇ ಪುಟದೊಳಗೆ ಅಂಥ ಎರಡು ಚಿತ್ರ ಸೇರಿಸಿದರೆ ಎರಡನೆಯದು ಮೊದಲನೆಯದರ ಗ್ರೇಡಿಯಂಟನ್ನು (ಒಂದು ಬಣ್ಣದಿಂದ ಇನ್ನೊಂದಕ್ಕೆ ಕರಗುವ ತುಂಬು) ಎತ್ತಿಕೊಳ್ಳುತ್ತದೆ. ಪ್ರಿಫಿಕ್ಸ್‌ಐಡಿಸ್ ಪ್ಲಗಿನ್ ಇರುವುದು ಇದಕ್ಕೇ.

ಪಾತ್ ಮಾಡಲೇಬಾರದ ಒಂದು ಜಾಗ ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರ, ವಿಕಿಮೀಡಿಯ ಕಾಮನ್ಸ್. ಅಲ್ಲಿನ ಎಸ್‌ವಿಜಿ ನಕ್ಷೆ, ರೇಖಾಚಿತ್ರಗಳ ಲೇಬಲ್ ಅಕ್ಷರವಾಗಿಯೇ ಇದ್ದರೆ ಎಸ್‌ವಿಜಿ ಟ್ರಾನ್ಸ್‌ಲೇಟ್ ಎಂಬ ಉಪಕರಣ ಅವನ್ನು ಒಂದೊಂದಾಗಿ ಮುಂದಿಡುತ್ತದೆ; ಎದುರಿಗೆ ಕನ್ನಡ ಟೈಪಿಸಿ ಉಳಿಸಿದರೆ ಅದೇ ಕಡತದೊಳಗೆ ಕನ್ನಡದ ಪದರ ಸೇರುತ್ತದೆ. ಹೂವಿನ ಭಾಗಗಳ ಒಂದೇ ಚಿತ್ರ ಹಲವು ಭಾಷೆಗೆ ಒದಗುವುದು ಹೀಗೆ. ಆದರೆ ಕಾಮನ್ಸ್ ಆ ಕಡತವನ್ನು ಓದುಗರಿಗೆ ಹಾಗೇ ಕಳಿಸುವುದಿಲ್ಲ, ತನ್ನ ಸರ್ವರಿನಲ್ಲಿ ಎಲ್‌ಐಬಿಆರ್‌ಎಸ್‌ವಿಜಿ ಎಂಬ ತಂತ್ರಾಂಶದಿಂದ ಪಿಎನ್‌ಜಿ ಮಾಡಿ ಕೊಡುತ್ತದೆ. ನಿಮ್ಮ ಯಂತ್ರದ ಚೆಂದದ ಫಾಂಟ್ ಅಲ್ಲಿರುವುದಿಲ್ಲ, ಇರುವ ಫಾಂಟೇ ಗತಿ. ‘ಸ್ಟೇಮನ್’ಗಿಂತ ‘ಕೇಸರ’ ಚಿಕ್ಕದಾದರೂ, ಕನ್ನಡ ಲೇಬಲ್ ಉದ್ದವಾಗಿ ಪಕ್ಕದ ಗೆರೆಗೆ ತಾಗುವುದೇ ಹೆಚ್ಚು. ಲೇಬಲ್ ಯಾವ ಕಡೆಗೆ ಹರಡಬೇಕೆಂದು ಹೇಳುವ ಟೆಕ್ಸ್ಟ್-ಆಂಕರ್ ‘ಮಿಡಲ್’ ಇದ್ದರೆ ಎರಡೂ ಕಡೆಗೆ ಸಮನಾಗಿ ಹರಡುತ್ತದೆ. ಇಂಕ್‌ಸ್ಕೇಪ್ 0.92ರ ಕಾಲದ ಕಡತದಲ್ಲಿ ಲೇಬಲ್ ಇರಬೇಕಾದಲ್ಲಿ ಕಪ್ಪು ಆಯತ ಕಂಡರೆ, ಅದು ಎಳೆದು ಮಾಡಿದ ಪಠ್ಯಪೆಟ್ಟಿಗೆ. ಇಂಕ್‌ಸ್ಕೇಪ್‌ನಲ್ಲಿ ತೆರೆದು ಟೆಕ್ಸ್ಟ್ ಮೆನುವಿನ ‘ಕನ್ವರ್ಟ್ ಟು ಟೆಕ್ಸ್ಟ್’ ಕೊಟ್ಟು ಮತ್ತೆ ಏರಿಸಿ.

ಎಸ್‌ವಿಜಿಯನ್ನು ಕಳಿಸಲೇಬಾರದ ಕಡೆಗಳೂ ಇವೆ. ಫೇಸ್‌ಬುಕ್‌ನ ಕೊಂಡಿ ಮುನ್ನೋಟಕ್ಕೆ ಅದು ಆಗದು, 1200 ಗುಣಿಸು 630ರ ಪಿಎನ್‌ಜಿ ಮಾಡಿಡಿ. ಜಿಮೇಲ್ ತೋರಿಸುವುದಿಲ್ಲ. 2025ರಲ್ಲಿ ಔಟ್‌ಲುಕ್‌ನ ವೆಬ್ ಆವೃತ್ತಿ, ವಿಂಡೋಸಿನ ಹೊಸ ಔಟ್‌ಲುಕ್ ಕೂಡ ಮೇಲ್ ನಡುವಿನ ಎಸ್‌ವಿಜಿ ತೋರಿಸುವುದನ್ನು ನಿಲ್ಲಿಸಿದವು. ಕಡತದೊಳಗೆ ಸ್ಕ್ರಿಪ್ಟ್ ಅಡಗಿಸಿ ವಂಚಿಸುವವರು ಹೆಚ್ಚಿದ್ದರಿಂದ ಬಂದ ನಿರ್ಬಂಧ ಅದು. ವರ್ಡ್‌ಪ್ರೆಸ್ ಎಸ್‌ವಿಜಿ ಏರಿಸಲು ಬಿಡದಿರುವುದೂ ಇದೇ ಭಯಕ್ಕೆ. ಪ್ಲಗಿನ್ ಹಾಕಿ ಬಾಗಿಲು ತೆರೆಯುವುದಾದರೆ, ಏರಿದ ಕಡತವನ್ನು ಸೋಸಿ ಸ್ಕ್ರಿಪ್ಟ್ ಕಿತ್ತುಹಾಕುವ ಪ್ಲಗಿನ್ನನ್ನೇ ಆರಿಸಿ, ಏರಿಸುವ ಹಕ್ಕನ್ನು ಅಡ್ಮಿನ್‌ಗೆ ಮಾತ್ರ ಕೊಡಿ.