ನಾನು ಕೇಬಲ್ ಹಿಡಿದವನು

ಕಾಲೇಜಿನಲ್ಲಿ ನೀರೊಳಗೆ ಓಡುವ ರೋಬೋಟ್ ಮಾಡಿದ್ದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ನೀನೇ ಓಡಿಸ್ತಿದ್ಯಾ?" ಇಲ್ಲ. ಓಡಿಸುತ್ತಿದ್ದವಳು ನನ್ನ ಗೆಳತಿ. ನಾನು ಕೊಳದ ಅಂಚಿನಲ್ಲಿ ಕೂತು ಕೇಬಲ್ ಹಿಡಿದುಕೊಳ್ಳುತ್ತಿದ್ದೆ.

ರೇಡಿಯೋ ಅಲೆಗಳು ನೀರಿನಲ್ಲಿ ಜಾಸ್ತಿ ದೂರ ಹೋಗುವುದಿಲ್ಲ. ಡ್ರೋನ್ ಥರ ಸುಮ್ನೆ ರಿಮೋಟ್ ಹಿಡಿದು ಆಡಿಸೋಕೆ ಆಗಲ್ಲ. ಕರೆಂಟು, ಕ್ಯಾಮೆರಾದ ಚಿತ್ರ, ಎಲ್ಲ ಕೇಬಲಿನಲ್ಲೇ ಹೋಗಿ ಬರಬೇಕು.

ಪಿವಿಸಿ ಪೈಪಿನ ಚೌಕಟ್ಟು ನಾವೇ ಮಾಡಿದ್ದು. ಪೈಪಿಗೆ ತೂತು ಕೊರೆಯುವುದನ್ನೇ ಮರೆತಿದ್ದೆವು. ಒಳಗೆ ಗಾಳಿ ಸಿಕ್ಕಿಕೊಂಡು, ರೋಬೋಟ್ ಮುಳುಗಲು ಒಪ್ಪಲೇ ಇಲ್ಲ. ತೂತು ಕೊರೆದೆವು. ಸೀದಾ ತಳಕ್ಕೆ ಹೋಗಿ ಕೂತಿತು! ಆಮೇಲೆ ಮೇಲ್ಗಡೆ ಫೋಮ್, ಕೆಳಗಡೆ ತೂಕ ಕಟ್ಟುತ್ತಾ, ಫೋಮನ್ನು ಅರ್ಧರ್ಧ ಬೆರಳು ಕತ್ತರಿಸುತ್ತಾ ಒಂದು ಇಡೀ ದಿನ ಕಳೆಯಿತು. ಸಂಜೆ ಹೊತ್ತಿಗೆ ಬಿಟ್ಟ ಕಡೆಯೇ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವತ್ತಿನ ಖುಷಿ ಇನ್ನೂ ನೆನಪಿದೆ.

ನನ್ನ ಕೇಬಲಿನದು ಬೇರೆಯೇ ರಗಳೆ. ಬ್ಯಾಟರಿ 12 ವೋಲ್ಟಿನದು. ಮೋಟಾರು ಓಡುವಾಗ 15 ಮೀಟರ್ ಕೇಬಲಿನ ಆ ತುದಿಯಲ್ಲಿ ಅಳೆದರೆ ಬರೀ 9. ಉಳಿದದ್ದು ದಾರಿಯಲ್ಲೇ ಖರ್ಚು. ದಪ್ಪ ವೈರ್ ಹಾಕಿದರೆ ಕರೆಂಟೇನೋ ತಲುಪುತ್ತದೆ, ಆದರೆ ಅದು ಬಗ್ಗದೆ ರೋಬೋಟನ್ನೇ ಎಳೆದಾಡುತ್ತದೆ. ಕೊನೆಗೆ ತೆಳು ವೈರನ್ನೇ ಉಳಿಸಿಕೊಂಡು, ಅದು ಮುಳುಗದ ಹಾಗೆ ಅಲ್ಲಲ್ಲಿ ಫೋಮ್ ತುಂಡು ಕಟ್ಟಿದೆವು. ಗಾಳಿಪಟ ಹಾರಿಸಿದವರಿಗೆ ಈ ಕೆಲಸ ಬೇಗ ಬರುತ್ತದೆ. ಜಾಸ್ತಿ ಬಿಟ್ಟರೆ ಗಂಟು, ಕಮ್ಮಿ ಬಿಟ್ಟರೆ ಎಳೆತ.

ಕ್ಯಾಮೆರಾದ ಡಬ್ಬಿ ಸೋರುತ್ತಿತ್ತು. 2004ರಲ್ಲಿ ಅಮೆರಿಕದ ಫೀನಿಕ್ಸಿನ ಹೈಸ್ಕೂಲ್ ಹುಡುಗರು ಇಂಥದ್ದೇ ಸೋರಿಕೆಗೆ ಟ್ಯಾಂಪನ್ (ಮುಟ್ಟಿನ ದಿನಗಳಲ್ಲಿ ಬಳಸುವ, ಒದ್ದೆ ಹೀರುವ ಹತ್ತಿಯ ಸುರುಳಿ) ತುರುಕಿ, ನೀರೊಳಗಿನ ರೋಬೋಟ್ ಸ್ಪರ್ಧೆಯಲ್ಲಿ ಅಲ್ಲಿನ ಹೆಸರಾಂತ ತಂತ್ರಜ್ಞಾನ ವಿದ್ಯಾಲಯ ಎಂಐಟಿಯ ತಂಡವನ್ನೂ ಹಿಂದೆ ಹಾಕಿದ್ದರು ಅಂತ ಮೇಷ್ಟ್ರು ಕಥೆ ಹೇಳಿದರು. ನಾವು ಹತ್ತಿ ತುರುಕಿದೆವು. ಹನಿಯನ್ನೇನೋ ಅದು ಹೀರಿಕೊಂಡಿತು. ಆದರೆ ತೇವ ಒಳಗೇ ಉಳಿಯಿತಲ್ವಾ? ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಬೇಕಿತ್ತು ಅಂತ ಹೊಳೆದದ್ದು ಆಮೇಲೆ.

ಪ್ರದರ್ಶನದ ದಿನ ಗೆಳತಿ ಪರದೆಯ ಹಿಂದೆ ಮಾನಿಟರ್ ನೋಡುತ್ತಾ ಓಡಿಸುತ್ತಿದ್ದಳು. ತಳದಲ್ಲಿದ್ದ, ತಂತಿ ಹಿಡಿಕೆಯ ಪುಟ್ಟ ಡಬ್ಬಿಯನ್ನು ಎತ್ತಬೇಕು. ಅರ್ಧ ದಾರಿಯಲ್ಲಿ ಕ್ಯಾಮೆರಾದ ಗಾಜು ಮಂಜಾಯಿತು.

"ಏನೂ ಕಾಣ್ತಿಲ್ಲ ಕಣೋ!"

ನೀರಿನ ಮೇಲೆ ಬಿಸಿಲು ಥಳಥಳಿಸಿ ನನಗೂ ರೋಬೋಟ್ ಕಾಣುತ್ತಿರಲಿಲ್ಲ. ಕೇಬಲ್ ಯಾವ ಕಡೆ ಓರೆಯಾಗಿದೆ ಅಂತ ನೋಡಿ, "ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ... ಸಾಕು, ಕೆಳಗಿಳಿಸು" ಅಂದೆ. ಕೈಗೆ ಏನೋ ಜಗ್ಗಿದ ಹಾಗಾಯಿತು. ಮೆಲ್ಲಗೆ ಎಳೆದುಕೊಂಡೆ.

ಡಬ್ಬಿ ಬಂದಿತ್ತು. ರೋಬೋಟಿನ ಕೊಕ್ಕೆಯಲ್ಲಲ್ಲ, ಕೇಬಲಿಗೆ ಫೋಮ್ ಕಟ್ಟಿದ್ದ ದಾರಕ್ಕೆ ಸಿಕ್ಕಿಕೊಂಡು. ಮೇಷ್ಟ್ರು ಸುಮಾರು ಹೊತ್ತು ಅದನ್ನೇ ನೋಡಿದರು. ಅರ್ಧ ಅಂಕ ಕೊಟ್ಟರು. ಅದು ತನ್ನ ಅಂಕ ಅಂತ ಅವಳು ಇವತ್ತಿಗೂ ಜಗಳ ಆಡುತ್ತಾಳೆ.